ಸುನಂದಳ ಹಿತ್ತಿಲಿಗೆ ಬಂದ ದೊರೆಸಾನಿಯರು

ಮಾಲೂರಿನಲ್ಲಿ ಬೆಳಗಿನ ರೈಲು ನಿಂತು, ಸುನಂದ ಬೋಗಿಯೊಳಗೆ ಕಾಲಿಟ್ಟರೆ ಸಾಕು, ಮೂವರು ಗಂಡಸರು ಒಟ್ಟಿಗೆ ಎದ್ದು ನಿಲ್ಲುತ್ತಿದ್ದರು.

"ಸುನಂದಮ್ಮ, ನಮ್ಮದು ಹೆಂಗಿದೆ?"

"ಬೆಳಿಗ್ಗೆ ಸ್ವಲ್ಪ ನುಚ್ಚು ತಿಂತು ಸಾರ್. ಆಮೇಲೆ ಬಟ್ಟೆ ಒಗೆಯೋ ಕಲ್ಲಿನ ಹತ್ರ ಹೋಗಿ ಬಿದ್ಕೊಳ್ತು."

"ನಮ್ಮದು, ಮೇಡಂ?"

"ನಿಮ್ಮದು ಸಂಜೆ ಎಲ್ಲೋ ಹೊರಟೋಗಿತ್ತು. ಪಕ್ಕದ ಮನೆಯೋರು ಹಿಡ್ಕೊಂಡು ಬಂದ್ರು."

ಎದುರು ಸೀಟಿನಲ್ಲಿ ಕೂತು ಇದನ್ನೆಲ್ಲ ಕೇಳಿಸಿಕೊಂಡ ಈ ಬರಹಗಾರ, ಸುನಂದ ಯಾವುದೋ ವೃದ್ಧಾಶ್ರಮದ ಹೆಡ್ ನರ್ಸ್ ಎಂದೂ, ಮೂವರೂ ತಂತಮ್ಮ ತಾಯಂದಿರನ್ನು ಅಲ್ಲಿ ಬಿಟ್ಟು ನಿಶ್ಚಿಂತೆಯಿಂದ ಇದ್ದಾರೆಂದೂ ನಂಬಿಬಿಟ್ಟಿದ್ದ. ಹೆತ್ತವಳನ್ನು 'ಅದು' 'ಇದು' ಅನ್ನುವ ಮಕ್ಕಳ ಮೇಲೆ ಸಿಟ್ಟೂ ಬಂದಿತ್ತು. ತನ್ನ ಮಂಡಿನೋವಿಗೆ ಈ ನರ್ಸಮ್ಮನ ಹತ್ತಿರ ಏನಾದರೂ ಮದ್ದಿದೆಯೇ ಎಂದು ಕೇಳಲು ಬಾಯಿ ತೆರೆಯುವಷ್ಟರಲ್ಲಿ ಮೊದಲನೆಯವರು ಮುಂದೆ ಬಗ್ಗಿ ಪಿಸುಗುಟ್ಟಿದರು:

"ಮೊಟ್ಟೆ ಇಡ್ತಾ?"

ಸುನಂದ ನರ್ಸ್ ಅಲ್ಲ. ಬೆಂಗಳೂರಿನ ಒಂದು ಪರದೆ ಅಂಗಡಿಯಲ್ಲಿ ಬಿಲ್ ಹಾಕುತ್ತಾಳೆ. ದಿನವಿಡೀ ಜನ ಬಂದು ನೂರು ಪರದೆ ಬಿಚ್ಚಿಸಿ, ಮೂಗು ಮುರಿದು, ಕೊನೆಗೆ ಬೆರಳು ತೋರಿಸಿ "ಅದು ಕೊಡಿ" ಅನ್ನುವುದನ್ನು ಆಸೆಗಣ್ಣಿನಿಂದ ನೋಡುವುದೇ ಅವಳ ಉದ್ಯೋಗ. ಯಾಕೆಂದರೆ ಅವಳ ಬದುಕಿನಲ್ಲಿ ಅವಳಾಗಿ ಬೆರಳು ತೋರಿಸಿದ್ದು ಒಂದೂ ಇರಲಿಲ್ಲ. ಮದುವೆ ಸೀರೆ ಆರಿಸಿದವಳು ನಾದಿನಿ. ಕೆಲಸ ಹುಡುಕಿದವನು ಅಣ್ಣ. ಮನೆಗೆ ಪಿಸ್ತಾ ಹಸಿರು ಬಣ್ಣವೇ ಚೆಂದ ಎಂದು ತೀರ್ಮಾನಿಸಿದವನು ಪೇಂಟರು. ಹಿಂದಿನ ಮನೆಗೆ ಬಳಿದು ಅವನ ಹತ್ತಿರ ಉಳಿದಿದ್ದ ಬಣ್ಣ ಅದೊಂದೇ.

ಹಿತ್ತಿಲೊಂದು ಖಾಲಿ ಬಿದ್ದಿತ್ತು. ಅದರಲ್ಲಿ ಕೋಳಿ ಸಾಕಬೇಕು, ಆ ಕೋಳಿಯನ್ನಾದರೂ ತಾನೇ ಆರಿಸಬೇಕು ಎಂದು ಸುನಂದ ಹಟ ಹಿಡಿದಳು. ಅತ್ತೆ ದೊಡ್ಡಗಂಗಮ್ಮ ಗೌನಿಪಲ್ಲಿ ಕಡೆಯವರು. ಸಮಾಧಾನವಿದ್ದಾಗ ಕನ್ನಡ, ಸಿಟ್ಟು ಬಂದರೆ ತೆಲುಗು. ಅವರು ಅಂದು ಸಮಾಧಾನದಲ್ಲಿದ್ದರು. "ತಗೊಂಬಾರಮ್ಮ. ಆದ್ರೆ ಯಾರನ್ನೂ ಕೇಳ್ಬೇಡ" ಎಂದರು.

ಸುನಂದ ಕೇಳಿದಳು. ಅದೂ ರೈಲಿನಲ್ಲಿ. "ಮನೇಲಿ ಸಾಕೋಕೆ ಯಾವ ಕೋಳಿ ಒಳ್ಳೇದು?" ಎಂದು ಪಕ್ಕದವಳನ್ನು ಮೆಲ್ಲಗೆ ಕೇಳಿದ್ದಷ್ಟೆ, ರೈಲು ದೇವನಗೊಂದಿ ದಾಟುವ ಹೊತ್ತಿಗೆ ಇಡೀ ಬೋಗಿಯಲ್ಲಿ ವಿಧಾನಸಭೆ ಸೇರಿತ್ತು.

"ಗಿರಿರಾಜ!" ಎಂದು ತೀರ್ಪು ಕೊಟ್ಟವರು ಟೇಕಲ್‌ನಲ್ಲಿ ಹತ್ತುವ ಶಿವಶಂಕರ್. ಯಾವುದೋ ಕಚೇರಿಯ ಸೂಪರಿಂಟೆಂಡೆಂಟು. ಆ ಕಚೇರಿಯಲ್ಲಿ ಯಾರೂ ಕೇಳದ ಮಾತನ್ನೆಲ್ಲ ರೈಲಿನಲ್ಲಿ ಆಡುವವರು. "ಕೋಳಿ ಅಂದ್ರೆ ತೂಕ ಇರ್ಬೇಕು. ನಡೆದು ಬಂದ್ರೆ ನಾಲ್ಕು ಜನ ಜಾಗ ಬಿಡ್ಬೇಕು."

"ತೂಕ ಇಟ್ಕೊಂಡು ಏನ್ ಮಾಡ್ತೀರಿ? ಸ್ವರ್ಣಧಾರ ತಗೊಳ್ಳಿ ಮೇಡಂ, ಮೊಟ್ಟೆ ಜಾಸ್ತಿ" ಎಂದರು ಲೆಕ್ಕಪತ್ರದ ವೆಂಕಟೇಶ್. ಮುಳಬಾಗಿಲಿನ ಕಡೆಯವರು, ಹುಟ್ಟಿದಾಗಿನಿಂದ ಮೊಟ್ಟೆಯ ವಾಸನೆ ಕಂಡವರಲ್ಲ. ಮೊಬೈಲಿನಲ್ಲಿ ಗುಣಾಕಾರ ಮಾಡಿ ಹೇಳಿದರು.

"ಅಕ್ಕಾ, ಇವರ ಮಾತು ಕೇಳ್ಬೇಡ. ಕಡಕ್‌ನಾಥ್! ಗರಿ ಕಪ್ಪು, ಚರ್ಮ ಕಪ್ಪು, ಮಾಂಸಾನೂ ಕಪ್ಪು. ಬೀದೀಲಿ ಯಾರ್ ಹತ್ರನೂ ಇರಲ್ಲ" ಎಂದ ಮೊಬೈಲ್ ಅಂಗಡಿಯ ಕದಿರೇಶ.

ಸುನಂದ ಸೌಜನ್ಯಕ್ಕೆ ಮೂವರಿಗೂ "ನೋಡೋಣ" ಅಂದಳು. ಮೂವರೂ ಅದನ್ನು ಒಪ್ಪಿಗೆ ಎಂದುಕೊಂಡರು.

ಈ ಸೀಮೆಯಲ್ಲಿ ಕೋಳಿಯನ್ನು ಪಾಲಿಗೆ ಬಿಡುವುದುಂಟು. ಕೋಳಿ ಒಬ್ಬರದು, ಸಾಕುವವರು ಇನ್ನೊಬ್ಬರು, ಮರಿಯಾದರೆ ಅರ್ಧರ್ಧ. ಮನೆಗೆ ಬಂದ ಪಾಲಿನ ಕೋಳಿಯನ್ನು ಬೇಡವೆಂದರೆ ಕೊಟ್ಟವರ ಮುಖಕ್ಕೆ ಹೊಡೆದಂತೆ. ಮರುವಾರವೇ ಶಿವಶಂಕರ್ ಒಂದು ಗಿರಿರಾಜ ಕೋಳಿಯನ್ನು ಬಟ್ಟೆ ಚೀಲದಲ್ಲಿ ಹಾಕಿ, ತಲೆ ಮಾತ್ರ ಹೊರಗಿಟ್ಟು, ಬೆಳಗಿನ ರೈಲಿಗೇ ತಂದರು. "ಪಾಲಿಗೆ ಇಟ್ಕೊಳ್ಳಮ್ಮ. ನಮ್ಮದು ಅಂತ ಒಂದಿರಲಿ."

ಸಂಜೆ ತಂದಿದ್ದರೆ ಅದರ ಪಾಡು ಬೇರೆ. ಬೆಳಿಗ್ಗೆ ತಂದದ್ದರಿಂದ ಆ ಕೋಳಿ ಪರದೆ ಅಂಗಡಿಗೆ ಹೋಗಿ ದಿನವೆಲ್ಲ ಡ್ಯೂಟಿ ಮಾಡಿತು. ಗೋಡೆಗೆ ತೂಗಿಬಿಟ್ಟ ಪರದೆ ಸರಿಸಿದ ಗಿರಾಕಿಗಳಿಗೆಲ್ಲ ಕಿಟಕಿಯ ಬದಲು ಗಿರಿರಾಜನ ದರ್ಶನ. ಒಬ್ಬ ಹೆಂಗಸು ಬೆಚ್ಚಿ ಹಿಂದೆ ಸರಿದು ಬಿದ್ದದ್ದು ರೇಷ್ಮೆಯಂಥ ಒಂದು ದುಬಾರಿ ಪರದೆಯ ಮೇಲೆ. ಬಿದ್ದ ಮೇಲೆ ಅದರ ನುಣುಪು ಹಿಡಿಸಿ ಅದನ್ನೇ ಕೊಂಡಳು. ಮಾಲೀಕ, "ನಾಳೆನೂ ಕರ್ಕೊಂಡ್ ಬಾಮ್ಮ" ಅಂದ.

ವೆಂಕಟೇಶರ ಸ್ವರ್ಣಧಾರ, ಕದಿರೇಶನ ಕಡಕ್‌ನಾಥ್ ಹಿಂದೆಯೇ ಬಂದವು. ದೊಡ್ಡಗಂಗಮ್ಮ ಮೂರನ್ನೂ ನೋಡಿ, ಮೊದಲು ತೆಲುಗಿನಲ್ಲಿ ಎರಡು ಮಾತಾಡಿ, ಆಮೇಲೆ ಕನ್ನಡಕ್ಕೆ ಬಂದರು. "ಇವುಗಳಲ್ಲಿ ನಿನ್ನ ಕೋಳಿ ಯಾವುದಮ್ಮ?"

ಸುನಂದ ಮೂರಕ್ಕೂ ಒಂದೊಂದು ಹಿಡಿ ರಾಗಿ ಎರಚಿದಳು.

ಮೂರೂ ದೊರೆಸಾನಿಯರೇ. ಗಿರಿರಾಜ ರಾಗಿ ಕಂಡರೆ ಮಾತ್ರ ಕಣ್ಣರಳಿಸಿ, ತಿಂದು, ಒಗೆಯುವ ಕಲ್ಲಿಗೆ ಒರಗಿ, ತನ್ನ ಯಜಮಾನರು ಸೀಟಿನಲ್ಲಿ ಒರಗುವ ಹಾಗೆಯೇ ಅರ್ಧ ಕಣ್ಣು ಮುಚ್ಚುತ್ತಿತ್ತು. ಸ್ವರ್ಣಧಾರ ಕಾಂಪೌಂಡ್ ಹಾರಿ, ಪಕ್ಕದ ಮನೆಯವರ ಸ್ಕೂಟರ್ ಸೀಟಿನ ಮೇಲೆ ಮೊಟ್ಟೆ ಇಟ್ಟು, ಇಟ್ಟೆನೆಂದು ಬೀದಿಗೆಲ್ಲ ಸಾರುತ್ತಿತ್ತು. ಕಡಕ್‌ನಾಥ್ ಸಂಜೆಯಾದರೆ ಕತ್ತಲೆಯಲ್ಲಿ ಕರಗಿಹೋಗುತ್ತಿತ್ತು. ಅದನ್ನು ಹುಡುಕಲು ಹೊರಟ ಸುನಂದ ಅದನ್ನೇ ತುಳಿಯುತ್ತಿದ್ದಳು. ಇದರ ಮೇಲೆ ಬೆಳಿಗ್ಗೆ ರೈಲಿನಲ್ಲಿ ಮೂವರು ಪಾಲುದಾರರಿಗೂ ವರದಿ ಒಪ್ಪಿಸಬೇಕು. ಕಿಟಕಿ ಪಕ್ಕದ ನಿದ್ದೆ ಹೋಯಿತು. ಫೋಟೋ ತೋರಿಸಿದರೆ ಶಿವಶಂಕರ್, "ಸ್ವಲ್ಪ ಸೊರಗಿದಂಗಿದೆಯಲ್ಲ? ಬೇರೆಯವರ ಕೋಳಿಗಳು ಏನಾದ್ರೂ ಅಂತಾವಾ?" ಎನ್ನುವರು.

ಎದುರು ಮನೆಯ ಹುಂಜ ಯಾರ ಅಪ್ಪಣೆಯನ್ನೂ ಕೇಳದೆ ಬಂದುಹೋಗುತ್ತಿತ್ತು. ಮೊಟ್ಟೆಗಳೂ ಬಂದವು. ಪಾಲುದಾರರು ಮರಿಗಾಗಿ ಕಾದರು. ಆದರೆ ದೊರೆಸಾನಿಯರಲ್ಲಿ ಒಬ್ಬಳೂ ಕಾವಿಗೆ ಕೂರಲೊಲ್ಲಳು. ಮೊಟ್ಟೆ ಇಡುವುದು, ಎದ್ದು ಹೋಗುವುದು. ಆಮೇಲೆ ಅದು ಯಾರದೋ ಎಂಬಂತೆ ನೋಡುವುದು.

ರೈಲಿನಲ್ಲಿ ತುರ್ತು ಸಭೆ ನಡೆಯಿತು. ಕದಿರೇಶ ಬಲ್ಬ್ ಹಾಕು ಎಂದ. ವೆಂಕಟೇಶ್ ಕರೆಂಟ್ ಬಿಲ್ಲಿನ ಗುಣಾಕಾರ ಮಾಡಿದರು. ಶಿವಶಂಕರ್ ಕೋಳಿಗೆ ಬುದ್ಧಿ ಹೇಳಿ ಎಂದರು.

"ಕಾವಿಗೆ ನಾಟಿ ಕೋಳಿ ಬೇಕು. ಅದನ್ನ ನಾನೇ ತರ್ತೀನಿ" ಎಂದಳು ಸುನಂದ. ಅವಳ ದನಿ ಎಷ್ಟು ಗಟ್ಟಿಯಿತ್ತೆಂದರೆ ಇಸ್ಪೀಟು ಆಡುತ್ತಿದ್ದವರೂ ತಲೆಯೆತ್ತಿದರು.

"ಯಾವ ಬಣ್ಣದ್ದು ಅಂತ ನಾನು..." ಎಂದು ಶಿವಶಂಕರ್ ಶುರುಮಾಡಿದರು.

"ಬೇಡಿ ಸಾರ್."

ಅಂಗಡಿಗೆ ರಜೆ ಹಾಕಿ, ಫೋನನ್ನು ಮನೆಯಲ್ಲೇ ಬಿಟ್ಟು, ಸುನಂದ ಸಂತೆಗೆ ಹೋದಳು. ಕೋಳಿ ಮಾರುವವಳ ಎದುರು ಕುಕ್ಕರುಗಾಲಿನಲ್ಲಿ ಕೂತು, ಅಂಗಡಿಗೆ ಬರುವ ಗಿರಾಕಿಗಳಿಂದ ಕಲಿತಿದ್ದನ್ನೆಲ್ಲ ಪ್ರಯೋಗಿಸಿದಳು. ಇದರ ರೆಕ್ಕೆ ಬಿಚ್ಚಿಸಿದಳು, ಅದನ್ನು ಬಿಸಿಲಿಗೆ ಹಿಡಿಸಿದಳು, ಇನ್ನೊಂದಕ್ಕೆ ಮೂಗು ಮುರಿದಳು. ಆಹಾ, ಎಂಥ ಸುಖ! ಬುಟ್ಟಿಯ ಮೂಲೆಯಲ್ಲಿ, ಮೈಯೆಲ್ಲ ಚುಕ್ಕೆ, ಕತ್ತು ಬೋಳಾಗಿದ್ದ ಕೋಳಿಯೊಂದು ಅವಳನ್ನು ದುರುಗುಟ್ಟಿ ನೋಡುತ್ತಿತ್ತು.

"ಅದು ಬೇಡ ತಾಯಿ, ಕುಕ್ತದೆ. ನನ್ನೇ ಬಿಡಲ್ಲ" ಎಂದಳು ಮಾರುವವಳು.

ಸುನಂದ ಬೆರಳು ತೋರಿಸಿದಳು. "ಅದೇ ಕೊಡಿ."

ತೋರಿಸಿದ ಬೆರಳನ್ನೇ ಕೋಳಿ ಕುಕ್ಕಿತು. ಸುನಂದ ಬೆರಳು ಚೀಪುತ್ತ ಮನೆಯವರೆಗೂ ನಗುತ್ತ ಬಂದಳು.

ಬೋಳುಕತ್ತಿನದು ಬಂದ ದಿನವೇ ಗಿರಿರಾಜನನ್ನು ಒಗೆಯುವ ಕಲ್ಲಿನಿಂದ ಎಬ್ಬಿಸಿತು. ಒಂದಷ್ಟು ದಿನಕ್ಕೆ ಕಾವು ಬಂದು, ಮೂರೂ ಮನೆತನದ ಮೊಟ್ಟೆಗಳನ್ನು ರೆಕ್ಕೆಯಡಿ ಎಳೆದುಕೊಂಡು ಕೂತಿತು. ಹತ್ತಿರ ಹೋದವರಿಗೆಲ್ಲ ಕುಕ್ಕು. ಮರಿಗಳು ಹೊರಬಂದಾಗ ಹಿತ್ತಿಲ ತುಂಬ ಚಿಲಿಪಿಲಿ. ಯಾವುದು ಯಾರ ಮರಿ ಎಂದು ಹೇಳುವುದು ಯಾರಿಂದಲೂ ಆಗಲಿಲ್ಲ. ಎಲ್ಲವೂ ಬೋಳುಕತ್ತಿನ ಹಿಂದೆಯೇ ಉರುಳುತ್ತಿದ್ದವು. ದೊಡ್ಡಗಂಗಮ್ಮ ಮೆಟ್ಟಿಲ ಮೇಲೆ ಕೂತು ನಕ್ಕು ನಕ್ಕು ಕೆಮ್ಮಿದರು. "ಈಗ ಹೇಳಮ್ಮ, ನಿನ್ನ ಕೋಳಿ ಯಾವುದು?"

ಸುನಂದ ಪಟ್ಟಿ ಕಟ್ಟಿದ ಬೆರಳನ್ನು ಎತ್ತಿ ತೋರಿಸಿದಳು.

ಮರುದಿನ ರೈಲಿನಲ್ಲಿ ಮೂವರೂ ಎಂದಿನಂತೆ ಎದ್ದು ನಿಂತರು. "ಮರಿ ಆಗಿದಾವೆ. ಭಾನುವಾರ ಬಂದು ಗುರುತು ಹಿಡಿದು ನಿಮ್ಮ ನಿಮ್ಮ ಪಾಲು ತಗೊಂಡ್ ಹೋಗಿ. ತಾಯಿ ಬಿಟ್ರೆ" ಎಂದು ಹೇಳಿ ಸುನಂದ ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದಳು. ವೆಂಕಟೇಶರೂ ಕದಿರೇಶನೂ ಮೆಲ್ಲಗೆ ಕೂತರು. ಶಿವಶಂಕರ್ ಮಾತ್ರ ಕೂರಲಿಲ್ಲ. ಗಂಟಲು ಸರಿಮಾಡಿಕೊಂಡು, ಬಹಳ ಮೃದುವಾಗಿ ಕೇಳಿದರು:

"ಅಲ್ಲ ಸುನಂದಮ್ಮ, ನಮ್ಮ ಗಿರಿರಾಜ ಒಂದೊಂದ್ಸಲನಾದ್ರೂ ನನ್ನ ನೆನೆಸ್ಕೊಳ್ಳುತ್ತಾ?"

ಸುನಂದ ಒಂದು ಕಣ್ಣು ತೆರೆದಳು.

"ನೀವೇನ್ ರಾಗಿನಾ ಸಾರ್?"