ಒಂದು ಕ್ವಿಂಟಲ್ ಅಡಿಕೆಯ ಕೋವಿ

ಪುತ್ತೂರಿನ ತಾಲೂಕು ಕಚೇರಿಯ ಹತ್ತಿರ ನನ್ನದೊಂದು ಸಣ್ಣ ಅಂಗಡಿ. ಜೆರಾಕ್ಸ್, ಲ್ಯಾಮಿನೇಶನ್, ಆನ್‌ಲೈನ್ ಅರ್ಜಿ. ಇದನ್ನೆಲ್ಲ ಬೇರೆಯವರೂ ಮಾಡುತ್ತಾರೆ. ಪುತ್ತೂರು, ಸುಳ್ಯ, ಕಡಬ ಮೂರೂ ಕಡೆಯಿಂದ ಜನ ನನ್ನನ್ನೇ ಹುಡುಕಿಕೊಂಡು ಬರುವುದು ಕೋವಿ ಲೈಸೆನ್ಸಿನ ಕಾಗದಗಳಿಗೆ. ಬೆಳೆ ರಕ್ಷಣೆಗೆ ಕೋವಿ ಇಟ್ಟುಕೊಂಡ ಕೃಷಿಕರು ನಮ್ಮಲ್ಲಿ ಬಹಳ. ಆ ಅರ್ಜಿಯಲ್ಲಿ ಕೋವಿಯ ಬೋರ್ ಎಷ್ಟು ಎಂದು ಕೇಳುವ ಒಂದು ಕಾಲಂ ಇದೆ. ಹೆಚ್ಚಿನವರದು 12, ಎಲ್ಲೋ ಒಬ್ಬಿಬ್ಬರದು .315. ಇಪ್ಪತ್ತು ವರ್ಷ ಆ ಅಂಕಿಗಳನ್ನು ಟೈಪ್ ಮಾಡಿದ್ದೇನೆ. ಹನ್ನೆರಡು ಎಂದರೆ ಯಾವುದು ಹನ್ನೆರಡು ಎಂದು ಒಮ್ಮೆಯೂ ಯಾರಲ್ಲೂ ಕೇಳಿರಲಿಲ್ಲ.

ಅದನ್ನು ನನಗೆ ಹೇಳಿದ್ದು ಒಂದು ಬೇಸಿಗೆಯಲ್ಲಿ ಗಿಟಾರಿನ ಚೀಲ ಹೊತ್ತು ಅಂಗಡಿಗೆ ಬಂದ ಒಬ್ಬ ಹೆಂಗಸು. ವಯಸ್ಸು ಮೂವತ್ತೈದರ ಆಚೀಚೆ. ಧಾರವಾಡದ ಕಡೆಯವರು ಎಂಬುದು ಬಾಯಿ ತೆರೆದ ಕೂಡಲೇ ಗೊತ್ತಾಯಿತು.

"ನಮಸ್ಕಾರ್ರೀ ಅಣ್ಣಾರ. ಕೋವಿ ಲೈಸೆನ್ಸ್ ಫಾರ್ಮ್ ತುಂಬಾವ್ರು ನೀವ ಏನ್ರೀ?"

ಬೆಂಗಳೂರಿನ ಹೊರವಲಯದ ಒಂದು ಖಾಸಗಿ ಕಾರ್ಖಾನೆಯಲ್ಲಿ ಆಕೆ ಇಂಜಿನಿಯರ್. ಕಾರ್ಖಾನೆಯವರು ಹೊಸದೊಂದು ರೈಫಲ್ ತಯಾರಿಸುತ್ತಿದ್ದರು, ಪೂರ್ತಿ ನಮ್ಮ ದೇಶದ್ದೇ. ನಳಿಗೆ ಈಕೆಯದ್ದೇ ಕೆಲಸ. ಅದಕ್ಕಾಗಿ ಎರಡು ವರ್ಷ ಕಳೆದಿದ್ದರು. ಆದರೆ ಅದಕ್ಕೆ ಯಾವ ತೋಟೆ, ಅಂದರೆ ಕಾರ್ಟ್ರಿಜ್, ಹಾಕುವಂತೆ ಮಾಡಬೇಕು, ಎಷ್ಟು ಬೆಲೆ ಇಡಬೇಕು ಎಂಬ ಎರಡು ಪ್ರಶ್ನೆ ಉಳಿದಿದ್ದವು. ಮಾಲೀಕರಿಗೆ ಹೊರದೇಶದಲ್ಲಿ ಹೆಸರು ಮಾಡಿದ, ಬಹಳ ದೂರ ಹೋಗುವ ಒಂದು ದೊಡ್ಡ ತೋಟೆಯ ಮೇಲೆ ಮನಸ್ಸು. ಈಕೆಗೆ ಮಾತ್ರ ಅನುಮಾನ. "ಕೊಳ್ಳಾವ್ರನ್ನ ಕೇಳೂಣು ಅಂತ ನಾನ ಹಟ ಮಾಡಿ ಬಂದೇನ್ರಿ. ನಿಮ್ಮ ಹತ್ರ ಎಲ್ಲಾರ ವಿಳಾಸ ಇರತಾವಲ್ಲ?"

"ಇರ್ತದೆ ಮೇಡಂ. ಆದ್ರೆ ಕೊಡ್ಲಿಕ್ಕೆ ಆಗುದಿಲ್ಲ. ಕೋವಿ ಯಾರ ಮನೆಯಲ್ಲಿ ಉಂಟು ಅಂತ ಹೇಳುದು ಒಳ್ಳೇದಲ್ಲ."

ಆಕೆ ಒತ್ತಾಯಿಸಲಿಲ್ಲ. ಚೀಲದಿಂದ ಒಂದು ಸ್ಟೀಲ್ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದರು. ಒಳಗೆ ಮೂರು ಮರದ ತೋಟೆಗಳು, ಕಡೆದು ಬಣ್ಣ ಹಚ್ಚಿದವು. ಸಣ್ಣದು ಹಳದಿ, ನಡುವಿನದು ಹಸಿರು, ಮಾಲೀಕರು ಮೆಚ್ಚಿದ ದೊಡ್ಡದು ಕೆಂಪು. ನಾನು ಹಸಿರನ್ನು ಎತ್ತಿಕೊಂಡೆ. ಅದು .315, ನಮ್ಮ ಸರಕಾರಿ ಕಾರ್ಖಾನೆಯಲ್ಲೇ ಆಗುವ ಹಳೆಯ ತೋಟೆ. ನಳಿಗೆಯ ಒಳಗಿನ ಅಗಲ ಒಂದು ಇಂಚಿನ ಸಾವಿರ ಪಾಲಿನಲ್ಲಿ ಮುನ್ನೂರ ಹದಿನೈದು ಪಾಲು ಎಂದು ವಿವರಿಸಿದರು. ಹಾಗಾದರೆ ಹನ್ನೆರಡು ಯಾವುದರ ಅಳತೆ ಎಂದು ಕೇಳಿದೆ.

"ಅದು ಅಳತಿ ಅಲ್ರಿ, ಎಣಿಕಿ. ಒಂದು ಪೌಂಡ್ ಸೀಸ ಕರಗಿಸಿ ಹನ್ನೆರಡು ಸಮ ಗುಂಡು ಮಾಡಿದ್ರ, ಅದರಾಗ ಒಂದು ಗುಂಡು ಸರಿಯಾಗಿ ಹೋಗುವಷ್ಟು ನಳಿಗಿ."

ನನಗೆ ಖುಷಿಯಾಯಿತು. ಯಾಕೆಂದು ಹೇಳಲಾರೆ. ಕೈಯಲ್ಲೇ ಇದ್ದ ಪೆಟ್ಟಿಗೆಯನ್ನು ಇಪ್ಪತ್ತು ವರ್ಷದ ಮೇಲೆ ಯಾರೋ ತೆರೆದು ತೋರಿಸಿದ ಹಾಗೆ. ವಿಳಾಸ ಕೊಡುವುದಿಲ್ಲ, ಆದರೆ ನಾನೇ ಫೋನ್ ಮಾಡಿ ಕೇಳುತ್ತೇನೆ, ಒಪ್ಪಿದವರ ಮನೆಗೆ ಕರೆದುಕೊಂಡು ಹೋಗುತ್ತೇನೆ ಎಂದೆ. ಇಬ್ಬರು ಒಪ್ಪಿದರು.

ಮೊದಲು ಹೋದದ್ದು ಈಶ್ವರಮಂಗಲಕ್ಕೆ, ಒಬ್ಬ ಹಾಜಿಯವರ ಮನೆಗೆ. ಬಹಳ ವರ್ಷ ಗಲ್ಫಿನಲ್ಲಿದ್ದು ಬಂದು ಈಗ ಹಾರ್ಡ್‌ವೇರ್ ಅಂಗಡಿ, ಜೊತೆಗೆ ತೋಟ ನೋಡಿಕೊಳ್ಳುವವರು. ಚುನಾವಣೆ ಘೋಷಣೆಯಾಗಿ, ನಿಯಮದಂತೆ ಊರಿನ ಕೋವಿಗಳೆಲ್ಲ ಪೊಲೀಸ್ ಠಾಣೆ ಸೇರಿದ್ದವು. ಅವರದ್ದೂ ಅಲ್ಲೇ.

"ಕೋವಿ ಇಲ್ಲ, ಕೋವಿಯ ವಿಷಯ ಮಾತಾಡುವ" ಎಂದು ನಗುತ್ತಾ ಶರಬತ್ತು ಕೊಟ್ಟರು.

ಆಕೆ ಗಿಟಾರಿನ ಚೀಲ ತೆರೆದರು. ಒಳಗಿದ್ದದ್ದು ರೈಫಲಿನ ಮರದ ಮಾದರಿ. ನಳಿಗೆಯ ಜಾಗದಲ್ಲಿ ಕಬ್ಬಿಣದ ಸರಳು. ನಿಜವಾದದ್ದರಷ್ಟೇ ತೂಕ ಬರಲಿ ಎಂದು. ಹಾಜಿಯವರು ಎತ್ತಿ ಹೆಗಲಿಗೆ ಇಟ್ಟು ನೋಡಿದರು, ಮೂರು ತೋಟೆಗಳನ್ನೂ ತಿರುಗಿಸಿ ನೋಡಿದರು. ಕೆಂಪನ್ನು ಹಿಡಿದು, "ಇದು ಎಷ್ಟು ದೂರ ಹೋಗ್ತದೆ?" ಎಂದು ಕೇಳಿದರು.

"ಗುರಿ ಇಟ್ಟು ಅರ್ಧ ಕಿಲೋಮೀಟರ್ ಹೊಡೀಬಹುದ್ರಿ. ಗುಂಡು ಸುಮ್ನ ಹೋಗೋದು ಅದಕಿಂತ ಭಾಳ ದೂರ, ಮೂರು ನಾಲ್ಕು ಕಿಲೋಮೀಟರ್."

ಹಾಜಿಯವರು ಎದ್ದರು. "ಬನ್ನಿ, ಒಂದು ಜಾಗ ತೋರಿಸ್ತೇನೆ."

ತೋಟದ ನಡುವೆ ನಿಲ್ಲಿಸಿದರು. "ಇಲ್ಲಿಂದ ನಿಮಗೆ ಎಷ್ಟು ದೂರ ಕಾಣ್ತದೆ, ಹೇಳಿ."

ಆಕೆ ನಾಲ್ಕೂ ಕಡೆ ತಿರುಗಿದರು. ಕಂಬಗಳ ಹಾಗೆ ಅಡಿಕೆ ಮರಗಳು, ನಡುವೆ ಬಾಳೆ, ಮೇಲೆ ಹಬ್ಬಿದ ಕಾಳುಮೆಣಸು. "ನಲವತ್ತು ಹೆಜ್ಜಿ" ಎಂದರು.

"ನಾನೂ ಅಷ್ಟೇ ಹೇಳುದು. ಕಾಣುದು ನಲವತ್ತು ಹೆಜ್ಜೆ. ಇದು ಹೋಗುದು ಮೂರು ಕಿಲೋಮೀಟರ್. ನನ್ನ ಜಾಗ ಮುಗೀತದೆ, ನೆರೆಕರೆಯವರ ಮನೆ ಬರ್ತದೆ, ಅದೂ ಮುಗಿದು ಕೇರಳ ಶುರು ಆಗ್ತದೆ. ಕರ್ನಾಟಕದಲ್ಲಿ ಹೊಡೆದದ್ದು ಕೇರಳದಲ್ಲಿ ಬಿದ್ರೆ ನಾನು ಯಾವ ಠಾಣೆಗೆ ಹೋಗುದು ಮಾರಾಯ್ರೆ?"

ಆಕೆ ನಗಲಿಲ್ಲ. ನೋಟ್‌ಬುಕ್ ತೆಗೆದು ಬರೆದುಕೊಂಡರು. ಹಿಂದಿನಿಂದ ಇಣುಕಿದೆ: "ಕಾಣುವುದು ನಲವತ್ತು ಹೆಜ್ಜೆ."

ಹಿಂದೆ ಬರುವಾಗ ಗಡಿಯ ಹತ್ತಿರದ ಚುನಾವಣಾ ತಪಾಸಣೆಯಲ್ಲಿ ನನ್ನ ಕಾರನ್ನು ನಿಲ್ಲಿಸಿದರು. ಅವರು ಹುಡುಕುವುದು ನೋಟಿನ ಕಟ್ಟು ಅಥವಾ ಬಾಟಲಿ. ಸಿಕ್ಕಿದ್ದು ಗಿಟಾರಿನ ಚೀಲದಲ್ಲಿ ಕಪ್ಪು ಬಣ್ಣದ ರೈಫಲ್. ಚೀಲ ಬಿಚ್ಚಿದ ಪೊಲೀಸರು ಎರಡು ಹೆಜ್ಜೆ ಹಿಂದೆ ಸರಿದರು. ಲೈಸೆನ್ಸ್ ಕಾಗದ ಮಾಡುವವನೇ ಕೋವಿಯೊಂದಿಗೆ ಸಿಕ್ಕಿಬಿದ್ದ ಎಂಬ ಸುದ್ದಿ ಸಂಜೆಯೊಳಗೆ ಪುತ್ತೂರು ಪೇಟೆ ತುಂಬುತ್ತದೆ ಎಂದುಕೊಂಡೆ. ಆಕೆ ಮಾತ್ರ ನಿಧಾನವಾಗಿ, "ಮರದ್ದು ಅದ ರೀ, ಮುಟ್ಟಿ ನೋಡ್ರಿ" ಎಂದು ಕಂಪನಿಯ ಪತ್ರ ಮುಂದೆ ಹಿಡಿದರು.

ಹೆಡ್ ಕಾನ್‌ಸ್ಟೇಬಲ್ ಮುಟ್ಟಿದರು, ಉಗುರಿನಿಂದ ಗೀರಿದರು, ಎತ್ತಿ ತೂಗಿದರು. ಪತ್ರದಲ್ಲಿದ್ದ ನಂಬರಿಗೆ ಫೋನ್ ಮಾಡಿ ವಿಚಾರಿಸಿದರು. ಎಲ್ಲ ಮುಗಿಯಲು ಒಂದೂವರೆ ಗಂಟೆ ಹಿಡಿಯಿತು. ಕೊನೆಗೆ ಚೀಲ ಹಿಂದೆ ಕೊಡುತ್ತಾ ತಾವಾಗಿಯೇ ಹೇಳಿದರು: "ಮುಂದೆ ಭಾರ ಜಾಸ್ತಿ ಆಯ್ತು ಮೇಡಂ. ಹಿಡಿದು ನಿಂತ್ರೆ ಎಡಗೈ ನಡುಗ್ತದೆ."

ಕಾರು ಹೊರಟ ಮೇಲೆ ಆಕೆ ಅದನ್ನೂ ಬರೆದುಕೊಂಡರು.

ಮರುದಿನ ಕೋಡಿಂಬಾಳ. ಅಲ್ಲಿ ಲೈಸೆನ್ಸ್ ಇದ್ದದ್ದು ಅರುವತ್ತು ದಾಟಿದ ಒಬ್ಬರು ಹೆಂಗಸಿಗೆ. ಅವರ ಅರ್ಜಿ ಮಾಡಿಸಿದವನು ನಾನೇ. ಅಕ್ಕ ಎಂದು ಕರೆಯುವ ಪರಿಚಯ. ಗಂಡ ಮಿಲಿಟರಿಯಲ್ಲಿ ಇದ್ದಾಗಿನಿಂದಲೂ ತೋಟ ಇವರದ್ದೇ ಉಸ್ತುವಾರಿ. ಗಂಡ ನಿವೃತ್ತರಾಗಿ ಬಂದ ಮೇಲೂ ಕೋವಿ ಇವರ ಹೆಸರಿನಲ್ಲೇ ಉಳಿದಿತ್ತು. "ಅವರಿಗೆ ಕೋವಿ ಹಿಡಿದು ಸಾಕಾಗಿದೆಯಂತೆ" ಎಂದರು ಅಕ್ಕ. ಗಂಡ ಜಗಲಿಯಲ್ಲಿ ಕುಳಿತು ಕಾಳುಮೆಣಸು ಬಿಡಿಸುತ್ತಾ ಹೌದೆಂದು ತಲೆಯಾಡಿಸಿದರು.

ಅಕ್ಕ ಮರದ ರೈಫಲನ್ನು ಎತ್ತಲೇ ಇಲ್ಲ. ಮೊದಲು ಪ್ರಶ್ನೆಗಳು. "ಕಡಬದಲ್ಲಿಯೋ ಪುತ್ತೂರಿನಲ್ಲಿಯೋ ಈ ತೋಟೆ ಸಿಗ್ತದಾ?"

"ಹಸಿರು ಆರ್ಡರ್ ಕೊಟ್ರ ಸಿಗತದ. ಕೆಂಪು ಹೊರಗಿಂದ ತರಿಸಬೇಕ್ರಿ."

"ಒಂದಕ್ಕೆ ಎಷ್ಟು ಆಗ್ತದೆ?"

ಆಕೆ ಕೆಂಪಿನ ಬೆಲೆ ಹೇಳಿದರು. ಅಕ್ಕ ಗಂಡನ ಕಡೆ ತಿರುಗಿ, "ಒಂದು ತೋಟೆಗೆ ಒಂದು ಕಿಲೋ ಅಡಿಕೆ" ಎಂದರು. ಗಂಡ ಮೆಣಸು ಬಿಡಿಸುವುದು ನಿಲ್ಲಿಸಿದರು. "ಕೋವಿಗೆ?" ಎಂದು ಅಕ್ಕ ಮುಂದುವರಿಸಿದರು.

"ನಮ್ಮ ಮಾಲೀಕರ ಲೆಕ್ಕದಾಗ..." ಎಂದು ಆಕೆ ಒಂದು ಮೊತ್ತ ಹೇಳಿದರು.

"ಮೂರು ಕ್ವಿಂಟಲ್ ಆಯ್ತಲ್ಲ! ನೋಡಿ, ನಾವು ಕೋವಿಗೆ ಹೆಚ್ಚೆಂದ್ರೆ ಒಂದು ಕ್ವಿಂಟಲ್ ಅಡಿಕೆ ಕೊಡುದು. ಅದಕ್ಕಿಂತ ಮೇಲೆ ಹೋದ್ರೆ ಕೋವಿಯ ಬದಲು ಸೋಲಾರ್ ಬೇಲಿ ಹಾಕ್ತೇವೆ."

ಇಷ್ಟು ಸ್ಪಷ್ಟವಾದ ಉತ್ತರ ಯಾವ ಕಂಪನಿಗೂ ಸಿಕ್ಕಿರಲಿಕ್ಕಿಲ್ಲ. ಆಕೆ ಬರೆಯುತ್ತಲೇ ಮುಂದಿನ ಪ್ರಶ್ನೆ ಕೇಳಿದರು: "ಹೋದ ವರ್ಷ ಎಷ್ಟು ಸಲ ಹಾರಿಸಿದ್ರಿ ಅಮ್ಮಾರ?"

"ಆರು."

"ಎಷ್ಟು ದೂರದಿಂದ? ಹಂದಿಗೋ, ಮಂಗ್ಯಾಗೋ?"

"ಆರೂ ಆಕಾಶಕ್ಕೆ."

ಆಕೆಯ ಪೆನ್ನು ನಿಂತಿತು.

"ಮಂಗ ಬಂದ್ರೆ ಮೇಲೆ ಹಾರಿಸುದು. ಸದ್ದಿಗೆ ಓಡ್ತವೆ, ನಾಲ್ಕು ದಿನ ಬರುದಿಲ್ಲ. ಕೊಂದು ನನಗೆಂತ ಆಗ್ಬೇಕು? ಈಗ ಕೋವಿ ಠಾಣೆಯಲ್ಲಿ ಉಂಟು ಅಂತ ಮಂಗಗಳಿಗೆ ಗೊತ್ತಾದ ಹಾಗೆ ಕಾಣ್ತದೆ. ಸೀಯಾಳ ಒಂದೂ ಬಿಟ್ಟಿಲ್ಲ. ನಿಮ್ಮ ಕೋವಿಯ ಸದ್ದು ಹೇಗೆ? ಅದನ್ನು ಹೇಳಲೇ ಇಲ್ಲ ನೀವು."

ಆಕೆಯ ಮುಖ ಸಣ್ಣದಾದದ್ದು ನನಗೆ ಕಂಡಿತು. ಎರಡು ವರ್ಷ ಕೂದಲೆಳೆಯಷ್ಟು ವ್ಯತ್ಯಾಸ ಬಾರದಂತೆ ನಳಿಗೆ ಕೊರೆದವರಿಗೆ, ಇಲ್ಲಿ ಯಾರೂ ಗುರಿಯೇ ಇಡುವುದಿಲ್ಲ ಎಂಬುದು ಕೇಳಲು ಸುಲಭದ ಮಾತಲ್ಲ. ಅಕ್ಕನಿಗೂ ಏನೋ ಹೊಳೆದಿರಬೇಕು. ಎದ್ದು ಒಳಗೆ ಹೋಗಿ ಹಲಸಿನ ಹಪ್ಪಳ, ಚಾ ತಂದಿಟ್ಟರು.

ಅಲ್ಲಿಂದ ಗುಂಡ್ಯಕ್ಕೆ ಹೊರಟೆವು. ಆಕೆ ಬೆಂಗಳೂರಿನ ಬಸ್ಸು ಹಿಡಿಯಬೇಕಿತ್ತು. ಬಿಳಿನೆಲೆ ದಾಟಿದ ಮೇಲೆ ಒಮ್ಮೆಲೇ ನಗಲು ಶುರು ಮಾಡಿದರು. "ಆಕಾಶಕ್ಕ ಗುರಿ ಬೇಕಾಗೂದಿಲ್ಲಲ್ರೀ ಅಣ್ಣಾರ!" ಕಣ್ಣು ಒರೆಸಿಕೊಂಡು ಮತ್ತೆ ನಕ್ಕರು. ಆಮೇಲೆ ಗಂಭೀರವಾಗಿ ವಿವರಿಸಿದರು: ಹನ್ನೆರಡರ ತೋಟೆಯಲ್ಲಿ ಒಂದೇ ಗುಂಡಿನ ಬದಲು ಸೀಸದ ಸಣ್ಣ ಚಿಲ್ಲುಗಳಿರುತ್ತವೆ; ಮೇಲೆ ಹೋದವು ಕಾಳುಮೆಣಸು ಚೆಲ್ಲಿದ ಹಾಗೆ ಹತ್ತಿರದಲ್ಲೇ ಉದುರುತ್ತವೆ, ಬಲ ಉಳಿದಿರುವುದಿಲ್ಲ. ರೈಫಲಿನ ಗುಂಡು ಹಾಗಲ್ಲ. ಮೇಲೆ ಹೋದದ್ದು ಎಲ್ಲೋ ದೂರದಲ್ಲಿ, ಯಾರ ಮನೆಯ ಮಾಡಿನ ಮೇಲೆ ಬೀಳುತ್ತದೋ ಹೇಳಲಾಗದು. "ನಿಮ್ಮ ಮಂದಿ ಹನ್ನೆರಡು ಹಿಡಕೊಂಡದ್ದು ಬಡತನಕ್ಕ ಅಲ್ರಿ, ವಿಚಾರ ಮಾಡೇ ಹಿಡಕೊಂಡಾರ."

ಗುಂಡ್ಯದ ಹೋಟೆಲಿನಲ್ಲಿ ಚಾ ಕುಡಿಯುತ್ತಾ ವರದಿಯ ಸಾರ ಬರೆದು ನನಗೆ ಓದಿ ಹೇಳಿದರು. ರೈಫಲಿಗೆ ಹಸಿರು ತೋಟೆಯೇ ಸಾಕು, ಕೆಂಪು ಬೇಡ. ಮುಂದಿನ ಭಾರ ಇಳಿಸಬೇಕು. ಆದರೆ ಈ ಮೂರು ತಾಲೂಕಿಗೆ ಬೇಕಾದದ್ದು ರೈಫಲ್ ಅಲ್ಲ. ಗಿಡ್ಡ, ಹಗುರ, ಒಂಟಿ ನಳಿಗೆಯ ಹನ್ನೆರಡರ ಕೋವಿ, ಬೆಲೆ ಒಂದು ಕ್ವಿಂಟಲ್ ಅಡಿಕೆಯ ಒಳಗೆ.

"ಮಾಲೀಕರು ಬೈಯುದಿಲ್ವಾ?" ಎಂದೆ.

"ಬೈತಾರ. ಬೈಲಿ." ಆಗಲೇ ಬಸ್ಸು ಬಂತು.

ಬೈದರಂತೆ. ಆದರೆ ಕೆಂಪು ತೋಟೆ ಕೈಬಿಟ್ಟರು. ಮಾರನೆಯ ವರ್ಷ ರೈಫಲ್ ಹಸಿರು ತೋಟೆಯಲ್ಲೇ ಬಂತು, ಬೆಲೆ ಎರಡು ಕ್ವಿಂಟಲಿನ ಹತ್ತಿರ. ನಮ್ಮ ಕಡೆ ಒಬ್ಬರೂ ಕೊಂಡದ್ದು ನನಗೆ ಗೊತ್ತಿಲ್ಲ. ಕೊಂಡವರು ಹೆಚ್ಚಾಗಿ ಪಟ್ಟಣದ ಕ್ಲಬ್ಬುಗಳಲ್ಲಿ ಗುರಿ ಅಭ್ಯಾಸ ಮಾಡುವವರಂತೆ. ಒಂಟಿ ನಳಿಗೆಯ ಕೋವಿಯ ನಕ್ಷೆ ಆಗಿದೆ, ಮಾಲೀಕರ ಒಪ್ಪಿಗೆ ಇನ್ನೂ ಆಗಿಲ್ಲ ಎಂದು ಆಕೆ ಫೋನಿನಲ್ಲಿ ಹೇಳಿದರು. "ಬೆಂಗಳೂರಿಗೆ ಬಂದ್ರ ಬರ್ರಿ, ರೈಫಲ್ ತೋರಸ್ತೇನಿ" ಎಂದೂ ಕರೆದರು.

ಸಂಬಂಧಿಕರ ಮದುವೆಗೆ ಹೋದಾಗ ಹೋಗಿಬಂದೆ. ನಗರದ ಹೊರಗಿನ ಒಂದು ರೈಫಲ್ ಕ್ಲಬ್ಬು. ಎದುರಿಗೆ ಮಣ್ಣಿನ ದೊಡ್ಡ ದಿಣ್ಣೆ, ಅದರ ಮುಂದೆ ಕಾಗದದ ಗುರಿ. ಆಕೆ ನನ್ನ ಕಿವಿಗೆ ದಪ್ಪ ಮುಚ್ಚಿಗೆ ಹಾಕಿ, ಹೊಟ್ಟೆಯ ಮೇಲೆ ಮಲಗಿಸಿ, ಪಕ್ಕದಲ್ಲೇ ಕುಳಿತು ಒಂದೊಂದೇ ಹೇಳಿಕೊಟ್ಟರು. ಐವತ್ತೆರಡನೆಯ ವಯಸ್ಸಿನಲ್ಲಿ ಮೊದಲ ಸಲ, ಅವರ ರೈಫಲಿನ ಕುದುರೆ ಎಳೆದೆ. ಭುಜಕ್ಕೆ ಯಾರೋ ಗುದ್ದಿದ ಹಾಗಾಯಿತು. ಐದು ಸಲ ಹಾರಿಸಿದೆ. ಮೂರು ಕಾಗದಕ್ಕೆ ತಾಗಿದವು. ಆ ಮೂರು ತೂತುಗಳು ಒಂದು ಅಂಗೈಯಲ್ಲಿ ಮುಚ್ಚುವಷ್ಟು ಹತ್ತಿರ ಇದ್ದವು. ಆಕೆ ಕಾಗದದ ಮೇಲೆ ಬೆರಳಿಟ್ಟು, "ಇದು ನಿಮ್ಮ ಕೈ ಅಲ್ರಿ, ನನ್ನ ನಳಿಗಿ" ಎಂದರು. ಅಷ್ಟು ಸಂತೋಷದ ಮುಖ ನಾನು ಅವರಲ್ಲಿ ಅದುವರೆಗೆ ನೋಡಿರಲಿಲ್ಲ.

ಮನೆಗೆ ಬಂದ ಮೇಲೆ ಎರಡು ದಿನ ಭುಜ ನೋವು. ಹೆಂಡತಿ ಎಣ್ಣೆ ಬಿಸಿ ಮಾಡಿ ಹಚ್ಚುತ್ತಾ ಕೇಳಿದಳು: "ಹೇಗಿತ್ತು? ಸದ್ದು ಜೋರುಂಟಾ?"

ಕಿವಿ ಮುಚ್ಚಿದ್ದರಲ್ಲ, ಸದ್ದು ಎಷ್ಟೆಂದು ನನಗೆ ಸರಿಯಾಗಿ ಗೊತ್ತೇ ಆಗಿರಲಿಲ್ಲ. ಹಾಗೆಂದೇ ಹೇಳಿದೆ. ಅವಳು ನಂಬಲಿಲ್ಲ.