ಹೊಕ್ಕಳ ಮೇಲಿನ ಟೇಪು

ನಮ್ಮ ಹುಡುಗ ಪೂರ್ತಿ ಮಿಲಿಟರಿಯವನಲ್ಲ. ವರ್ಷದ ಹತ್ತು ತಿಂಗಳು ಬೆಳಗಾವಿಯ ಒಂದು ಫೌಂಡ್ರಿಯಲ್ಲಿ ಕರಗಿದ ಕಬ್ಬಿಣವನ್ನು ಅಚ್ಚಿಗೆ ಹೊಯ್ಯುತ್ತಾನೆ. ಉಳಿದ ಎರಡು ತಿಂಗಳು ಸರ್ಕಾರ ಅವನನ್ನು ಕರೆಸಿಕೊಂಡು, ಸಮವಸ್ತ್ರ ತೊಡಿಸಿ, ಬಂದೂಕು ಹಿಡಿಸಿ ತರಬೇತಿ ಕೊಡುತ್ತದೆ. ಯುದ್ಧವೋ ನೆರೆಯೋ ಬಂದರೆ ಆಗಲೂ ಹೋಗಬೇಕು. ನಾನು ನಾಲ್ಕನೇ ಇಯತ್ತೆಯವರೆಗೆ ಕಲಿತವಳು, ಅದಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೋ ನನ್ನ ನಾಲಿಗೆ ತಿರುಗುವುದಿಲ್ಲ. ಆದರೆ ಮೊಮ್ಮಗ ಆ ಬಟ್ಟೆಯಲ್ಲಿ ಶಿವಬಸವ ನಗರದ ನಮ್ಮ ಓಣಿಯಲ್ಲಿ ನಡೆದು ಬಂದರೆ ನಾನು ಬಾಗಿಲ ಒಳಗೆ ಇರುವವಳಲ್ಲ.

ಪ್ರತಿ ವರ್ಷ ಕರೆದ ಮೊದಲ ದಿನವೇ ಎತ್ತರ, ತೂಕ, ಸೊಂಟ ಅಳೆಯುತ್ತಾರೆ. ತೂಕ ಒಂದಿಷ್ಟು ಹೆಚ್ಚಿದ್ದರೂ ಸೊಂಟ ಅವರು ಹಾಕಿದ ಗೆರೆಯೊಳಗಿದ್ದರೆ ಬಿಡುತ್ತಾರೆ. ಕಬ್ಬಿಣ ಎತ್ತುವವನ ತೂಕ ರಟ್ಟೆಯದೂ ಇರಬಹುದಲ್ಲ. ಸೊಂಟವೂ ಮೀರಿತೆಂದರೆ ಬೊಜ್ಜು ಎಂದೇ ಲೆಕ್ಕ. ಹಿಂದಿನ ವರ್ಷ ಇವನದು ಎರಡೂ ಮೀರಿತ್ತು. ಇಳಿಸಿಕೊಂಡು ಬಾ ಎಂದು ಒಂದು ವರ್ಷ ಕೊಟ್ಟರು. ಈ ಸಲವೂ ಹಾಗೇ ಇದ್ದರೆ ಹೆಸರು ತೆಗೆಯುತ್ತಾರೆ, ಸಮವಸ್ತ್ರ ಮರಳಿ ಕೊಟ್ಟು ಮನೆಗೆ ಬರಬೇಕು.

ಈ ಮಾತು ನಮ್ಮ ಕಿವಿಗೆ ಬಿದ್ದದ್ದು ಅವನ ಮದುವೆ ಗೊತ್ತಾದ ಮೇಲೆ. ಹೆಣ್ಣು ಖಾನಾಪುರದ್ದು. ಅವಳ ತಂದೆತಾಯಿ ಆಗಲೇ ‘ನಮ್ಮ ಅಳಿಯ ಮಿಲಿಟರಿಯವ’ ಎಂದು ಪೇಟೆಯ ತುಂಬ ಹೇಳಿಕೊಂಡು ಬಂದಿದ್ದರು. ಹೀಗಿರುವಾಗ ಸೊಂಟದ ಮಾತು ಯಾರು ತೆಗೆಯುತ್ತಾರೆ. ಸುಮ್ಮನಿದ್ದು ಮದುವೆ ಮುಗಿಸಿದೆವು.

ಅಳತೆಯ ಕೆಲಸ ನಾನು ವಹಿಸಿಕೊಂಡೆ. ಹುಟ್ಟಿದ ಮೇಲೆ ಇವನಿಗೆ ಮೊದಲ ಉಡದಾರ ಕಟ್ಟಿದವಳು ನಾನು, ಬೆಳೆದಂತೆ ಬಿಚ್ಚಿ ಉದ್ದ ಮಾಡಿ ಕಟ್ಟಿದವಳೂ ನಾನೇ. ಇವನ ಸೊಂಟ ನನಗಿಂತ ಚೆನ್ನಾಗಿ ಯಾವ ದಾಕ್ತರನಿಗೆ ಗೊತ್ತು. ಟೇಲರನ ಟೇಪು ತರಿಸಿ, ಅವರು ಹೇಳಿದ ಗೆರೆಗೆ ಸರಿಯಾಗಿ ಕರಿ ದಾರ ಕತ್ತರಿಸಿ, ಹೊಸ ಉಡದಾರ ಕಟ್ಟಿದೆ. ಇದು ಸಡಿಲಾದ ದಿನ ಗೆದ್ದ ಹಾಗೆ ಎಂದು ಹೇಳಿದೆ. ಕಟ್ಟಿದ ದಿನ ಚರ್ಮಕ್ಕೆ ಕಚ್ಚಿಕೊಂಡಿತ್ತು. ದೀಪಾವಳಿ ದಾಟುವುದರೊಳಗೆ ಒಂದು ಬೆರಳು ಹೋಗುವಷ್ಟಾಯಿತು, ಸಂಕ್ರಾಂತಿಗೆ ಎರಡು. ಮನೆಯಲ್ಲಿ ನಾನು, ಅವನ ಅಪ್ಪನಾದ ನನ್ನ ಮಗ, ಸೊಸೆ, ಅವನ ಹೆಂಡತಿ ಎಲ್ಲರೂ ಬೆರಳು ಹಾಕಿ ನೋಡಿ ಸಂತೋಷಪಟ್ಟೆವು. ದಾರ ಸಡಿಲಾದಂತೆ ಅವನ ತಾಟಿಗೆ ತುಪ್ಪವೂ ಮರಳಿ ಬಂತು.

ಬೇಸಿಗೆಯಲ್ಲಿ, ಕರೆ ಬರಲು ಇನ್ನೊಂದು ತಿಂಗಳಿರುವಾಗ, ಅವನ ಜೊತೆ ತರಬೇತಿ ಮಾಡುವ ಗೆಳೆಯನೊಬ್ಬ ಮನೆಗೆ ಬಂದ. ನಾನು ಹೆಮ್ಮೆಯಿಂದ ಉಡದಾರದ ಸುದ್ದಿ ಹೇಳಿದೆ. ಗೆಳೆಯ ಎದ್ದು ಇವನ ಅಂಗಿ ಎತ್ತಿದ.

“ಆಯಿ, ದಾರ ಎಲ್ಲೈತಿ, ಹೊಕ್ಕಳ ಎಲ್ಲೈತಿ, ನೀವ ನೋಡ್ರಿ.”

“ಯಾಕ, ಏನಾತು?”

“ಅವರು ಟೇಪ್ ಹಿಡಿಯೂದು ಹೊಕ್ಕಳ ಮ್ಯಾಲ. ನಿಮ್ಮ ದಾರ ಹೊಟ್ಟಿ ಕೆಳಗ ಜಾರಿ ನೆಳ್ಳಾಗ ಆರಾಮ ಕುಂತೈತಿ. ಅದಕ್ಯಾಕ ಬಿಗಿ ಆಗತೈತ್ರಿ?”

ಗೆಳೆಯ ನಕ್ಕ. ನಮ್ಮ ಹುಡುಗನೂ ನಗಲು ಹೋದವನು ಬಾಯಿ ಮುಚ್ಚಿದ. ಅದೇ ಟೇಪನ್ನು ಹೊಕ್ಕಳ ಮೇಲೆ ಸುತ್ತಿ ನೋಡಿದರೆ ಗೆರೆಗಿಂತ ಮೂರು ಬೆರಳು ಆಚೆ. ಇಷ್ಟು ತಿಂಗಳು ನಾವೆಲ್ಲ ಬೆರಳು ಹಾಕಿ ನೋಡಿದ್ದು ಹೊಟ್ಟೆ ಇಲ್ಲದ ಜಾಗವನ್ನು. ಗೆಳೆಯ ಹೋದ ಮೇಲೆ ಅವನು ಗೋಡೆಗೆ ಒರಗಿ ಕುಳಿತ.

“ಹೋತು ಬಿಡ, ಆಯಿ.”

“ಇನ್ನೂ ಒಂದ ತಿಂಗಳ ಐತಲ್ಲೋ.”

“ಒಂದ ತಿಂಗಳದಾಗ ಮೂರ ಬೆರಳ ಎಲ್ಲಿ ಒಯ್ದ ಇಡ್ಲಿ?”

ಮರುದಿನದಿಂದ ಮನೆಯ ರೀತಿಯೇ ಬದಲಾಯಿತು. ಬೆಳಕು ಹರಿಯುವ ಮೊದಲು ಓಟ, ಫೌಂಡ್ರಿಯಿಂದ ಬಂದ ಮೇಲೆ ಮತ್ತೆ ನಡಿಗೆ. ತಾಟಿನಲ್ಲಿ ರೊಟ್ಟಿ, ಮೆಂತ್ಯ ಪಲ್ಯ, ಹೆಸರುಕಾಳು, ನೀರು ಮಜ್ಜಿಗೆ. ಮಾವಿನ ಹಣ್ಣಿನ ಕಾಲ, ಅಟ್ಟದ ಮೇಲೆ ಹುಲ್ಲಿನಲ್ಲಿಟ್ಟ ಆಪೂಸಿನ ವಾಸನೆ ಮನೆಯನ್ನೆಲ್ಲ ತುಂಬಿತ್ತು. ಸೊಸೆ ಅದನ್ನೆಲ್ಲ ಬುಟ್ಟಿ ಸಮೇತ ನೆರೆಮನೆಗೆ ಕೊಟ್ಟು ಬಂದಳು. ನಾವೂ ಅವನೆದುರು ಸಿಹಿ ಮುಟ್ಟಲಿಲ್ಲ. ಒಬ್ಬರು ಉಂಡು ಇನ್ನೊಬ್ಬರು ನೋಡುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ಬಡಿಸುವಾಗ ‘ಇನ್ನೊಂದು ಹಾಕಿಕೋ’ ಎನ್ನದೆ ಇರುವುದು ಎಷ್ಟು ಕಷ್ಟವೆಂದು ನನಗೆ ಆಗ ತಿಳಿಯಿತು. ಮಾತು ಬಾಯಿಗೆ ಬಂದಾಗ ಸೆರಗು ಬಾಯಿಗೆ ಇಟ್ಟುಕೊಂಡು ಒಳಗೆ ಹೋಗುತ್ತಿದ್ದೆ.

ಬೆಳಿಗ್ಗೆ ಎದ್ದವನೇ ಟೇಪು ಹಿಡಿದು ನಿಲ್ಲುತ್ತಿದ್ದ, ಅವನ ಹೆಂಡತಿ ಅಳೆಯುತ್ತಿದ್ದಳು. ಮೊದಲ ಬೆರಳು ಬೇಗ ಇಳಿಯಿತು. ಎರಡನೆಯದು ಸತಾಯಿಸಿ ಸತಾಯಿಸಿ ಇಳಿಯಿತು. ಮೂರನೆಯದು ಜಗ್ಗಲೇ ಇಲ್ಲ. ಒಂದು ದಿನ ಅರ್ಧ ಹೋದಂತೆ ಕಂಡರೆ ಮರುದಿನ ಮತ್ತೆ ಬಂದು ಕೂಡುತ್ತಿತ್ತು. ಹುಡುಗನ ಮುಖ ಒಣಗಿತು, ಮಾತು ಸಿಡುಕಾಯಿತು. ಒಮ್ಮೆ ನೀರು ಕುಡಿಯುವುದನ್ನೂ ಬಿಟ್ಟ. ಆ ದಿನ ಮಾತ್ರ ನಾನು ಬೈದೆ. ಬೆಂಕಿಯ ಮುಂದೆ ನಿಂತು ಕೆಲಸ ಮಾಡುವವನು ನೀರು ಬಿಟ್ಟು ಕುಲುಮೆಯ ಬಾಜೂ ಬಿದ್ದರೆ ಸಮವಸ್ತ್ರ ಯಾರಿಗೆ ಬೇಕು ಎಂದೆ. ಕುಡಿದ.

ಇಷ್ಟರಲ್ಲಿ ಖಾನಾಪುರದಿಂದ ಫೋನು ಬಂತು. ಅದು ಅಧಿಕ ಮಾಸ. ಮೂರು ವರ್ಷಕ್ಕೊಮ್ಮೆ ಬರುವ ಆ ತಿಂಗಳಲ್ಲಿ ಅಳಿಯನನ್ನು ಕರೆದು, ಆರತಿ ಮಾಡಿ, ಮೂವತ್ಮೂರು ಅನಾರಸ ತಾಟಿನಲ್ಲಿಟ್ಟು ಕೊಡುವುದು ಆ ಕಡೆಯ ಪದ್ಧತಿ. ಅಕ್ಕಿಹಿಟ್ಟು, ಬೆಲ್ಲ ಕಲಸಿ, ಗಸಗಸೆ ಒತ್ತಿ, ತುಪ್ಪದಲ್ಲಿ ಕರಿದದ್ದು. ನಮ್ಮ ಮನೆಯಲ್ಲಿ ಇದು ಅಷ್ಟಾಗಿ ಇರಲಿಲ್ಲ, ಮರಾಠಿ ಮಂದಿಯ ನಡುವೆ ಇರುವ ಬೀಗರಿಗೆ ಅದನ್ನು ಬಿಟ್ಟರೆ ಮರ್ಯಾದೆ ಹೋಗುವ ಮಾತು. ಅದರಲ್ಲೂ ಮದುವೆಯಾದ ಮೇಲಿನ ಮೊದಲ ಅಧಿಕ ಮಾಸ. ಅವರು ಗೊತ್ತು ಮಾಡಿದ ದಿನ ಅಳತೆಗೆ ನಾಲ್ಕೇ ದಿನ ಮೊದಲು.

“ನಾ ಒಲ್ಲೆ,” ಎಂದ ಹುಡುಗ.

“ನಮ್ಮವ್ವ ಮೂರ ದಿನದಿಂದ ಅಕ್ಕಿ ನೆನಿಹಾಕ್ಯಾಳ,” ಎಂದಳು ಅವನ ಹೆಂಡತಿ, ತಲೆ ಎತ್ತದೆ. “ಓಣ್ಯಾಗ ಎಲ್ಲಾರಿಗೂ ಹೇಳ್ಯಾಳ.”

“ಹಂಗಾರ ನಾನೂ ಬರ್ತೇನಿ,” ಎಂದೆ. “ಬಾಜೂಕ ಕುಂದರ್ತೇನಿ. ಹಾಕಿದ್ದರಾಗ ಅರ್ಧಾ ನನ್ನ ಕಡೆ ಸರಸು.”

ಮೂವರೂ ಬಸ್ಸಿನಲ್ಲಿ ಖಾನಾಪುರಕ್ಕೆ ಹೋದೆವು. ಬೀಗಿತ್ತಿ ಬಾಗಿಲಲ್ಲೇ ಕಾಲಿಗೆ ನೀರು ಕೊಟ್ಟು ಒಳಗೆ ಕರೆದಳು. ಪಡಸಾಲೆಯ ತುಂಬ ನೆರೆಯ ಹೆಂಗಸರು. ಆರತಿ ಆಯಿತು, ತಾಟು ಬಂತು, ನಡುವೆ ದೀಪ, ಸುತ್ತ ಅನಾರಸ. ಆಮೇಲೆ ಎಲೆ ಹಾಕಿದರು. ಪೂರಿ, ಮಾವಿನ ಶೀಕರಣೆ, ತುಪ್ಪ ಸುರಿದ ಅನ್ನ. ಎಲೆಯ ಮೇಲೆ ಐದು ಅನಾರಸ ಬೇರೆ. ನನ್ನ ಕಡೆ ಸರಿಸುವ ಮಾತು ಬಾಯಲ್ಲೇ ಉಳಿಯಿತು, ಅಷ್ಟು ಜನ ಅವನ ಕೈಯನ್ನೇ ನೋಡುತ್ತಿದ್ದರು.

“ಬಾಯಾಗ ಹಾಕ್ರಿ ಅಳಿಯಾರ,” ಎಂದಳು ಬೀಗಿತ್ತಿ. ಅವನು ಎಲೆಯ ಅಂಚಿನ ಉಪ್ಪು ಮುಟ್ಟುತ್ತ ಕುಳಿತ.

“ಸಿಹಿ ಸೇರೂದಿಲ್ಲೇನ ನಿಮ್ಮ ಹುಡುಗಗ?” ಎಂದಳು ಒಬ್ಬಳು ನನಗೆ.

“ಬೆಳಗಾವ್ಯಾಗ ಬೇಕರಿ ತಿಂದ ರೂಢಿ ಇರಬೇಕ,” ಎಂದಳು ಇನ್ನೊಬ್ಬಳು. “ಹಳ್ಳಿ ಅನಾರಸ ಎಲ್ಲಿ ಹಿಡಸತಾವ.”

ಬೀಗಿತ್ತಿಯ ಮುಖ ಸಣ್ಣದಾಯಿತು. ಅವನ ಹೆಂಡತಿ ಅಡಿಗೆ ಮನೆಯ ಬಾಗಿಲಲ್ಲಿ ನಿಂತು ಗಂಡನನ್ನೊಮ್ಮೆ, ತಾಯಿಯನ್ನೊಮ್ಮೆ ನೋಡುತ್ತಿದ್ದಳು. ಅವನು ಒಂದು ಅನಾರಸ ಎತ್ತಿದ. ಉಂಡರೆ ಅವನ ಒಂದು ತಿಂಗಳು ಹೋಯಿತು, ಉಣ್ಣದಿದ್ದರೆ ಆ ಹುಡುಗಿಗೆ ತವರಿನಲ್ಲಿ ತಲೆ ಎತ್ತುವ ಹಾಗಿಲ್ಲ. ನನಗೆ ತಡೆಯಲಾಗಲಿಲ್ಲ.

“ಇಡ ಕೆಳಗ,” ಎಂದೆ. ಎಲ್ಲರೂ ನನ್ನ ಕಡೆ ತಿರುಗಿದರು. “ಬೀಗಿತ್ತಿ, ನಿಮ್ಮ ಮುಂದ ಮುಚ್ಚಿಟ್ಟಿದ್ವಿ. ಇನ್ನ ನಾಕ ದಿನಕ್ಕ ಇವನ ಹೊಟ್ಟಿ ಅಳೀತಾರ. ಒಂದ ಬೆರಳ ಹೆಚ್ಚ ಐತಿ. ಅದ ಇಳೀಲಿಲ್ಲಂದ್ರ ಮಿಲಿಟರಿಯಿಂದ ತೆಗೀತಾರ. ಖರೇನ ಹೇಳಾಕತ್ತೇನಿ.”

ಬೀಗಿತ್ತಿ ಅವನ ಹೊಟ್ಟೆಯನ್ನು ನೋಡಿದಳು, ಎಲೆಯನ್ನು ನೋಡಿದಳು. ಎದ್ದುಹೋಗುತ್ತಾಳೆ ಎಂದೇ ನಾನು ತಿಳಿದೆ. ಅವಳು ಎದ್ದಳು. ಅವನ ಎಲೆಯನ್ನೇ ಎತ್ತಿಕೊಂಡು ಒಳಗೆ ಹೋದಳು.

ಮರಳಿ ಬಂದಾಗ ಅವಳ ಕೈಯಲ್ಲಿ ಒಂದು ರೊಟ್ಟಿ, ಒಂದು ವಾಟಿ ಸೊಪ್ಪಿನ ಪಲ್ಯ ಇತ್ತು. ಅನಾರಸದ ಕಡ್ಲೆಕಾಳಿನಷ್ಟು ಚೂರು ಮುರಿದು ತಾನೇ ಅವನ ಬಾಯಿಗೆ ಇಟ್ಟಳು.

“ಪದ್ಧತಿ ಮುಗೀತು,” ಎಂದಳು. ನಂತರ ಹೆಂಗಸರ ಕಡೆ ತಿರುಗಿ, “ಉಳಿದದ್ದ ನೀವ ತಿನ್ರಿ. ನನ್ನ ಅನಾರಸದ ಸಲುವಾಗಿ ಅವನ್ನ ಮನಿಗಿ ಕಳಿಸಿದ್ರ ಅಂದ್ರ ನಾ ಪ್ಯಾಟ್ಯಾಗ ಹೆಂಗ ಅಡ್ಡಾಡ್ಲಿ?”

ನನಗೆ ಬೇರೆ ಬೈದಳು. “ನೀವರೇ ಮೊದಲ ಹೇಳಬಾರದೇನ್ರಿ? ನಾವೇನ ಹೊರಗಿನವರೇನ?”

ಅಷ್ಟಕ್ಕೇ ಬಿಡಲಿಲ್ಲ. ಬಿಸಿಲು ಇಳಿಯುತ್ತಲೇ ಬೀಗ ತಲೆಗೆ ಟವೆಲು ಸುತ್ತಿಕೊಂಡು ಅಳಿಯನನ್ನು ಎಬ್ಬಿಸಿದ. ಇಬ್ಬರೂ ಮಲಪ್ರಭೆಯ ದಂಡೆ ಹಿಡಿದು ಹೋದವರು ಕತ್ತಲಾಗುವ ಹೊತ್ತಿಗೆ ಬಂದರು, ಬೀಗನೇ ಹೆಚ್ಚು ದಣಿದಿದ್ದ.

ಅಳತೆಯ ದಿನ ನಾನೂ ಅವನ ಹಿಂದೆ ಬೈಕಿನಲ್ಲಿ ಕುಳಿತು ಹೋದೆ. ಬರಬೇಡ ಎಂದು ಹೇಳಿ ಹೇಳಿ ಅವನಿಗೇ ಸಾಕಾಯಿತು. ಹಿಂದಿನ ಸಂಜೆ ಟೇಪು ಗೆರೆಯ ಮೇಲೆಯೇ ನಿಂತಿತ್ತು, ಒಳಗೋ ಹೊರಗೋ ಹೇಳುವ ಹಾಗಿರಲಿಲ್ಲ. ಅವನು ಚೀಲ ಹೊತ್ತು ಗೇಟಿನೊಳಗೆ ಹೋದ. ನಾನು ಎದುರಿನ ಕಟ್ಟೆಯ ಮೇಲೆ ಕುಳಿತೆ. ಗೇಟಿನ ಸಿಪಾಯಿ ಮೊದಲು ಮರಾಠಿಯಲ್ಲಿ, ಆಮೇಲೆ ಕನ್ನಡದಲ್ಲಿ ಕೇಳಿದ.

“ಆಜಿ, ಯಾರ ಸಲುವಾಗಿ ಕುಂತೀರಿ?”

“ಮೊಮ್ಮಗ. ಹೊಟ್ಟಿ ಅಳಸಾಕ ಹೋಗ್ಯಾನ.”

“ದಪ್ಪ ಅದಾನೇನ್ರಿ?”

“ನಿನ್ನಷ್ಟಿಲ್ಲ,” ಎಂದೆ. ಅವನು ಹೊಟ್ಟೆ ಒಳಗೆಳೆದುಕೊಂಡು ಸರಿದು ನಿಂತ.

ಒಬ್ಬೊಬ್ಬರೇ ಹೊರಗೆ ಬರತೊಡಗಿದರು. ಚೀಲ ಹೆಗಲ ಮೇಲಿದ್ದವರು ಮನೆಗೆ, ಬರಿಗೈಯಲ್ಲಿ ಬಂದು ಫೋನು ಮಾಡಿ ಒಳಗೆ ಹೋಗುವವರು ಪಾಸು. ಇದನ್ನು ಸಿಪಾಯಿಯೇ ಹೇಳಿದ. ಚೀಲ ಹೊತ್ತ ಒಬ್ಬ ಹುಡುಗ ಯಾರ ಮುಖವನ್ನೂ ನೋಡದೆ ರಸ್ತೆ ದಾಟಿ ಹೋದ. ಬಿಸಿಲು ಕಟ್ಟೆಗೆ ಬಂತು, ನಾನು ಏಳಲಿಲ್ಲ.

ಕೊನೆಗೆ ನಮ್ಮವನು ಬಂದ. ಚೀಲ ಹೆಗಲ ಮೇಲೇ ಇತ್ತು. ಅವನು ಎದುರು ಬಂದು ನಿಂತ, ಮುಖದಲ್ಲಿ ನಗುವಿಲ್ಲ, ಅಳುವೂ ಇಲ್ಲ.

“ಚೀಲ ಯಾಕ ಹೊತ್ತಕೊಂಡ ಬಂದಿ?” ಎಂದೆ.

“ತೆಗದ ಇಡೂದ ನೆನಪ ಆಗಲಿಲ್ಲ.” ಅವನು ಅಲ್ಲಿಯೇ ಕಟ್ಟೆಗೆ ಕುಳಿತ. “ಮೂರ ಸಲ ಹಿಡದ್ರ ಆಯಿ, ಟೇಪ್. ಮೊದಲನೇದ್ದಕ್ಕ ಹೆಚ್ಚ ಬಂತ. ನಾ ಹೆದರಿ ಉಸರ ತುಂಬಕೊಂಡ ನಿಂತಿದ್ದೆ. ‘ಉಸರ ಬಿಡೋ, ಬಲೂನ ಮಾಡಬ್ಯಾಡ’ ಅಂದ ಟೇಪ್ ಹಿಡದಾವ. ಬಿಟ್ಟೆ. ಎರಡನೇದ್ದು ಗೆರಿ ಮ್ಯಾಲ. ಮೂರನೇದ್ದು ಹಿಡದ, ಏನೂ ಅನಲಿಲ್ಲ, ಮುಂದಿನವನ್ನ ಕರದ. ನಾ ಹಂಗ ನಿಂತೆ. ‘ಏ, ಸರಿ. ಪಾಸ್ ಆಗೀದಿ, ಬಟ್ಟಿ ಹಾಕ್ಕೋ’ ಅಂದ.”

ನಾನು ಅವನ ತಲೆ ಹಿಡಿದು ಎದೆಗೊತ್ತಿಕೊಂಡೆ. ಗೇಟಿನ ಸಿಪಾಯಿ ನೋಡುತ್ತಿದ್ದ, ನೋಡಲಿ. ಇಷ್ಟು ದಪ್ಪ ಹುಡುಗ ಮೊದಲ ಸಲ ನನ್ನ ತೋಳಿನಲ್ಲಿ ಪೂರಾ ಹಿಡಿಸಿದ. ಅಳಬಾರದೆಂದು ಎಷ್ಟು ಅಂದುಕೊಂಡರೂ ಆಗಲಿಲ್ಲ. ನನ್ನ ಕಣ್ಣೀರು ಅವನ ಹೊಸ ಕಟಿಂಗಿನ ಮೇಲೆ ಬಿತ್ತು. ಅವನು “ಸಾಕ ಬಿಡ ಆಯಿ, ಮಂದಿ ನೋಡ್ತಾರ” ಎನ್ನುತ್ತ ತಾನೂ ಬಿಡಲಿಲ್ಲ. ಆ ಕ್ಷಣದಿಂದಲೇ ತರಬೇತಿ ಶುರು, ಊಟಕ್ಕೂ ಮನೆಗೆ ಬರುವ ಹಾಗಿಲ್ಲ. ಹೆಂಡತಿಗೆ ಫೋನು ಮಾಡಿ, ಸೀಟಿ ಕೇಳುತ್ತಲೇ ಚೀಲ ಎತ್ತಿಕೊಂಡು ಓಡಿದ.

ಬೈಕು ಅಲ್ಲೇ ಉಳಿಯಿತು, ನಾನು ಒಬ್ಬಳೇ ಬಸ್ಸು ಹತ್ತಿದೆ. ಕುಳಿತುಕೊಳ್ಳಲು ಜಾಗವಿತ್ತು, ಆದರೆ ಕೂಡುವ ಮನಸ್ಸಿರಲಿಲ್ಲ, ಕಂಬಿ ಹಿಡಿದು ನಿಂತೆ. ಕಂಡಕ್ಟರ್ ಬಂದ.

“ಎಲ್ಲೀಗ್ರಿ ಅಜ್ಜಿ?”

“ನಮ್ಮ ಹುಡುಗನ್ನ ಇಟಗೊಂಡ್ರಪಾ,” ಎಂದೆ. “ಮಿಲಿಟರ್ಯಾಗ. ಮೂರ ಸಲ ಅಳದ ನೋಡಿ ಇಟಗೊಂಡ್ರ.”

“ಭಾಳ ಚಲೋ ಆತ್ರಿ,” ಎಂದ ಅವನು. “ಇಳಿಯೂದು ಎಲ್ಲಿ?”

ಅದನ್ನು ಹೇಳುವಷ್ಟರಲ್ಲಿ ಮುಂದಿನ ಸೀಟಿನ ಹೆಂಗಸು ತಿರುಗಿ, “ಯಾವ ಊರ ಹುಡುಗ್ರೀ ಅವ?” ಎಂದು ಕೇಳಿದಳು. ನಾನು ಅವಳ ಬಾಜೂ ಕುಳಿತು ಮೊದಲಿನಿಂದ ಹೇಳತೊಡಗಿದೆ. ನನ್ನ ಸ್ಟಾಪು ಯಾವಾಗ ಹಿಂದೆ ಹೋಯಿತೋ ನಮ್ಮಿಬ್ಬರಿಗೂ ಗೊತ್ತಾಗಲಿಲ್ಲ.