ಪೇಪರ್ ಮಾಮನ ಊಟದ ಹಾಡು

ಗ್ರಂಥಾಲಯದ ಸಹಾಯಕಿ ಪೇಪರ್ ಮಾಮನನ್ನು ಮೊದಲು ನೋಡಿದ್ದು ಒಂದು ಶನಿವಾರ, ಮಧ್ಯಾಹ್ನ ಎರಡೂವರೆಗೆ. ಹೊತ್ತು ಇಷ್ಟು ಕರಾರುವಾಕ್ಕಾಗಿ ನೆನಪಿರಲು ಕಾರಣವಿದೆ. ಅವಳು ಕೆಲಸಕ್ಕೆ ಸೇರಿ ಅಂದಿಗೆ ಹನ್ನೊಂದು ದಿನ. ಹಿರಿಯ ಗ್ರಂಥಪಾಲಕರು ಮೊದಲ ಸಲ ಅವಳೊಬ್ಬಳನ್ನೇ ಮೇಜಿನ ಬಳಿ ಬಿಟ್ಟು ಊಟಕ್ಕೆ ಹೋಗಿದ್ದರು. ಅವರು ಬರುವವರೆಗೆ ಯಾರೂ ಬಾರದಿದ್ದರೆ ಸಾಕಪ್ಪಾ ಎಂದು ಅವಳು ಗೋಡೆ ಗಡಿಯಾರ ನೋಡುತ್ತ ಕೂತಿದ್ದಳು.

ಬಂದವರಿಗೆ ಐವತ್ತರ ಆಸುಪಾಸು. ಬಾಗಿಲ ಬಳಿಯ ಕಾಲೊರಸಿನ ಮೇಲೆ ಒಂದಲ್ಲ, ಮೂರು ಸಲ ಕಾಲು ಒರೆಸಿದರು. ನೀಲಿ ಅಂಗಿಯ ತೋಳಿಗೆ ಒಣಹುಲ್ಲಿನ ಎಳೆಗಳು ಅಂಟಿದ್ದವು. ಜೇಬಿನಲ್ಲಿ ಬಡಗಿಗಳು ಬಳಸುವ ಚಪ್ಪಟೆ ಪೆನ್ಸಿಲು, ಕಂಕುಳಲ್ಲಿ ಮಡಿಚಿದ ಬಿಳಿ ಕಾಗದದ ಕಟ್ಟು. ಎಡಗೈಯ ನಾಲ್ಕು ಬೆರಳ ತುದಿಗೂ ಪ್ಲಾಸ್ಟರ್ ಸುತ್ತಿಕೊಂಡಿದ್ದರು. ಎಲ್ಲೋ ಕೈ ಜಜ್ಜಿಕೊಂಡಿರಬೇಕು ಎಂದುಕೊಂಡಳು.

“ಮೇಡಂ, ಗಿಟಾರ್ ಕಲಿಯೋ ಪುಸ್ತಕ ಏನಾದ್ರೂ ಇದೆಯಾ?”

ಅವಳನ್ನು ಅದುವರೆಗೆ ಯಾರೂ ಮೇಡಂ ಎಂದಿರಲಿಲ್ಲ. ಯಾರನ್ನು ಕರೆಯುತ್ತಿದ್ದಾರೆಂದು ಹಿಂದಕ್ಕೆ ತಿರುಗಿ ನೋಡಿ, ಆಮೇಲೆ ಎದ್ದಳು. ಪುಸ್ತಕ ಒಂದೇ ಒಂದಿತ್ತು. ದೊಡ್ಡ ಆಕಾರದ್ದು, ಕೆಂಪು ರಟ್ಟಿನದು. ಹೊರಗೆ ಕೊಡಬಾರದ ಪುಸ್ತಕಗಳ ಕಪಾಟಿನಲ್ಲಿತ್ತು.

“ಇದು ಮನೆಗೆ ಕೊಡೋ ಹಾಗಿಲ್ಲ ಸಾರ್. ಇಲ್ಲೇ ಕೂತು ನೋಡ್ಬೇಕು.”

“ಬರ್ಕೋಬಹುದಾ?”

ಬರೆದುಕೊಳ್ಳುವುದರ ಬಗ್ಗೆ ಹಿರಿಯರು ಏನೂ ಹೇಳಿರಲಿಲ್ಲ. ಅವಳು ಒಂದು ಕ್ಷಣ ಯೋಚಿಸಿ, “ಬರ್ಕೊಳ್ಳಿ” ಎಂದಳು. ಕೆಲಸದಲ್ಲಿ ಅವಳು ಸ್ವಂತ ಬುದ್ಧಿಯಿಂದ ಮಾಡಿದ ಮೊದಲ ತೀರ್ಮಾನ ಅದು.

ಅವರು ಕಿಟಕಿ ಪಕ್ಕದ ಮೇಜಿನಲ್ಲಿ ಐದು ಗಂಟೆಯವರೆಗೂ ಕೂತರು. ಬಿಳಿ ಕಾಗದ ಹಾಸಿ, ಮರದ ಪಟ್ಟಿಯಿಟ್ಟು ಆರಾರು ಗೆರೆ ಎಳೆದು, ಗೆರೆಗಳ ಮೇಲೆ ಒಂದೊಂದೇ ಅಂಕಿ ಬರೆದರು. ಹೋಗುವಾಗ ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ತಂದುಕೊಟ್ಟ ರೀತಿ ನೋಡಿ ಅವಳಿಗೆ ಅವರ ಮೇಲೆ ನಂಬಿಕೆ ಬಂತು.

ಆಮೇಲೆ ಪ್ರತಿ ಶನಿವಾರ ಬಂದರು. ಮೇಡಂ ಹೋಗಿ ‘ಮಗಳೇ’ ಆಯಿತು, ಸಾರ್ ಹೋಗಿ ‘ಮಾಮ’ ಆಯಿತು. ಮನೆ ಬದಲಾಯಿಸುವವರ ಸಾಮಾನು ಕಟ್ಟಿ ಸಾಗಿಸುವ ಕಂಪನಿಯಲ್ಲಿ ಅವರದು ಗಾಜು, ಪಿಂಗಾಣಿ ಕಟ್ಟುವ ಕೆಲಸ. ಒಂದೊಂದು ಲೋಟಕ್ಕೂ ಅಂಗಿ ತೊಡಿಸಿದ ಹಾಗೆ ಕಾಗದ ಸುತ್ತುತ್ತಿದ್ದುದರಿಂದ ಜೊತೆಯವರು ಪೇಪರ್ ಮಾಮ ಎಂದು ಕರೆಯುತ್ತಿದ್ದರು.

ಪೆಟ್ಟಿಗೆಯೊಳಗೆ ಒಂದು ಬೆರಳು ತೂರುವಷ್ಟು ಜಾಗವನ್ನೂ ಖಾಲಿ ಬಿಡಬಾರದು ಎಂಬುದು ಅವರ ಹಟ. ಜಾಗ ಇದ್ದರೆ ಸಾಮಾನು ಅಲ್ಲಾಡುತ್ತದೆ, ಅಲ್ಲಾಡಿದರೆ ಒಡೆಯುತ್ತದೆ. ಇಪ್ಪತ್ತಾರು ವರ್ಷದಲ್ಲಿ ಅವರ ಪೆಟ್ಟಿಗೆಗೆ ಹಿಡಿಸದೆ ಉಳಿದದ್ದು ಒಂದೇ ಒಂದು ವಸ್ತು.

“ಗಿಟಾರು” ಎಂದು ಅವರೇ ಒಂದು ಶನಿವಾರ ಹೇಳಿದರು. “ಒಂದು ಮನೇಲಿ ಎಲ್ಲಾ ತುಂಬಿಸಿ ಆಯ್ತು, ಆಮೇಲೆ ಮಂಚದ ಕೆಳಗಿಂದ ಇದನ್ನ ಎಳೆದ್ರು ನೋಡು. ಹೊಟ್ಟೆ ನೋಡಿದ್ರೆ ಗುಡಾಣ, ಕುತ್ತಿಗೆ ನೋಡಿದ್ರೆ ಕೊಕ್ಕರೆ. ಹೇಗಿಟ್ರೂ ಹಿಡಿಸ್ತಿಲ್ಲ. ಆ ಮನೆಯವರು, ‘ಹೋಗ್ಲಿ ಬಿಡಿ, ನುಡಿಸೋರು ಯಾರೂ ಇಲ್ಲ, ನೀವೇ ಇಟ್ಕೊಳ್ಳಿ’ ಅಂದ್ರು. ನನಗೆ ಅವಮಾನ ಆದ ಹಾಗೂ ಆಯ್ತು, ಗಿಟಾರ್ ಸಿಕ್ಕ ಹಾಗೂ ಆಯ್ತು.”

ಮನೆಗೆ ತಂದ ದಿನವೇ ಅವರಿಗೆ ಒಂದು ಆಸೆ ಹುಟ್ಟಿತ್ತು. ಅದನ್ನು ಹೇಳಲು ಮಾತ್ರ ಮೂರು ಶನಿವಾರ ತೆಗೆದುಕೊಂಡರು.

ಮದುವೆಗೆ ಮುಂಚೆ ಅವರು ಒಂದು ಬಟ್ಟೆ ಕಾರ್ಖಾನೆಯ ಗೋದಾಮಿನಲ್ಲಿ ಅಂಗಿಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದರು. ಹೊಲಿಗೆ ವಿಭಾಗದಲ್ಲಿ ನಲವತ್ತು ಮಷಿನ್‌ಗಳು. ಊಟದ ಹೊತ್ತಿಗೆ ಗಂಟೆ ಬಾರಿಸುವ ಬದಲು ಮ್ಯಾನೇಜರು ತನ್ನ ಕ್ಯಾಸೆಟ್ಟೊಂದನ್ನು ಧ್ವನಿವರ್ಧಕದಲ್ಲಿ ಹಾಕುತ್ತಿದ್ದ. ಯಾವುದೋ ಪರದೇಶದ ಹಾಡು. ಮಾತು ಶುರುವಾಗುವ ಮುಂಚೆ ಗಿಟಾರ್ ಒಂದೇ ಬರುತ್ತಿತ್ತು. ದಪ್ಪ ತಂತಿಯಲ್ಲಿ ಮೂರು ಸ್ವರ, ಒಂದು ತಡೆ, ಮತ್ತೆರಡು ಸ್ವರ. ಹಾಡಿನ ಉಳಿದದ್ದೆಲ್ಲ ಮರೆತುಹೋದರೂ ಮರೆಯದ ಇಂಥ ಪುಟ್ಟ ತುಣುಕಿಗೆ ನುಡಿಸುವವರು ‘ರಿಫ್’ ಎನ್ನುತ್ತಾರೆ. ಮಾಮನಿಗೆ ಅದು ‘ಊಟದ ಹಾಡು’. ಅದು ಕೇಳಿದ ಕೂಡಲೇ ಅವರು ಗೋದಾಮಿನ ಮೆಟ್ಟಿಲ ಮೇಲೆ ಒಂದು ಖಾಲಿ ರಟ್ಟಿನ ಪೆಟ್ಟಿಗೆ ಮಡಿಚಿ ಹಾಸಿ ಕಾಯುತ್ತಿದ್ದರು. ಹೊಲಿಗೆ ವಿಭಾಗದಿಂದ ಒಬ್ಬಳು ಡಬ್ಬಿ ಹಿಡಿದು ಬಂದು ಅದರ ಮೇಲೆ ಕೂರುತ್ತಿದ್ದಳು. ಅವಳೇ ಈಗ ಅವರ ಹೆಂಡತಿ.

ಕಾರ್ಖಾನೆ ಮುಚ್ಚಿತು. ಮ್ಯಾನೇಜರ್ ಎಲ್ಲಿಗೋ ಹೋದ. ಹಾಡಿನ ಹೆಸರನ್ನು ಯಾರೂ ಕೇಳಿಟ್ಟುಕೊಂಡಿರಲಿಲ್ಲ. ಆಗಿನ್ನೂ ಎಲ್ಲರ ಜೇಬಿನಲ್ಲೂ ಹಾಡು ಇರುತ್ತಿದ್ದ ಕಾಲವಲ್ಲ. ಮಾಮ ಕ್ಯಾಸೆಟ್ ಅಂಗಡಿಗೆ ಹೋಗಿ ಗುನುಗಿ ತೋರಿಸಿದಾಗ ಅಂಗಡಿಯವನು ತುಂಬ ಯೋಚಿಸಿ ಮಕ್ಕಳ ಜೋಗುಳದ ಕ್ಯಾಸೆಟ್ ಕೊಟ್ಟನಂತೆ.

“ಈ ಪುಸ್ತಕದಲ್ಲಿ ನಲವತ್ತು ರಿಫ್ ಇದೆ. ಎಲ್ಲಾ ಹೆಸರುವಾಸಿಯಾದದ್ದೇ. ಅದೂ ಇದ್ದೇ ಇರುತ್ತೆ ಅಂತ ನನ್ನ ಲೆಕ್ಕ” ಎಂದರು ಮಾಮ. “ಒಂದೊಂದಾಗಿ ಕಲೀತೀನಿ. ಸಂಜೆ ಅವಳು ಹೊಲೀತಾ ಕೂತಾಗ ನುಡಿಸ್ತೀನಿ. ಅವಳಿಗೆ ವಿಷಯ ಹೇಳಿಲ್ಲ. ಅವಳಾಗೇ ಗುರುತು ಹಿಡೀಬೇಕು. ಹಿಡಿದ್ರೆ ನಾನು ಕಲಿತ ಹಾಗೆ.”

ಸ್ವರಲಿಪಿ ಓದಲು ಬಾರದವರಿಗೂ ಆ ಪುಸ್ತಕ ಸುಲಭವಾಗಿತ್ತು. ಅದರಲ್ಲಿದ್ದದ್ದು ಟ್ಯಾಬ್ ಎನ್ನುವ ಬರಹ. ಆರು ಗೆರೆ ಎಂದರೆ ಗಿಟಾರಿನ ಆರು ತಂತಿ. ಗೆರೆಯ ಮೇಲೆ ಮೂರು ಎಂದಿದ್ದರೆ ಆ ತಂತಿಯನ್ನು ಗಿಟಾರಿನ ಕುತ್ತಿಗೆಯ ಮೇಲಿನ ಮೂರನೆಯ ಲೋಹದ ಪಟ್ಟಿಯ ಹತ್ತಿರ ಒತ್ತಿ ಮೀಟಬೇಕು. ಸೊನ್ನೆ ಎಂದಿದ್ದರೆ ಒತ್ತದೆ ಮೀಟಬೇಕು. ಅಷ್ಟೇ. ಪೆಟ್ಟಿಗೆಯ ಮೇಲೆ ಅಂಕಿ ನೋಡಿ ಸಾಮಾನು ಗುರುತಿಸುವ ಮಾಮನಿಗೆ ಇದು ನೀರು ಕುಡಿದಷ್ಟು ಸಲೀಸು.

ಆದರೆ ವಾರ ವಾರವೂ ಅವರು ತರುತ್ತಿದ್ದ ಸುದ್ದಿ ಒಂದೇ.

“ಏನಂದ್ರು ಅತ್ತೆ?”

“ನಲ್ಲಿ ಸರಿಯಾಗಿ ನಿಲ್ಲಿಸಿಲ್ಲ, ತೊಟ್ಟಿಕ್ತಾ ಇದೆ, ನೋಡಿ ಬನ್ನಿ ಅಂದ್ಲು.”

ಇನ್ನೊಂದು ವಾರ, “ಮಳೆ ಶುರುವಾಯ್ತಾ, ಬಟ್ಟೆ ತೆಗೀಲಾ ಅಂದ್ಲು.” ಮತ್ತೊಂದು ವಾರ, “ಹೋದ ವಾರದ್ದೇ ಅಲ್ವಾ ಅಂದ್ಲು. ಹೋದ ವಾರದ್ದು ಹದಿನೆಂಟು ಮಗಳೇ, ಇದು ಹತ್ತೊಂಬತ್ತು.”

ಹೇಳುವಾಗ ನಗುತ್ತಿದ್ದರು. ಆದರೂ ಇಪ್ಪತ್ತೆರಡನೆಯದು ಮುಗಿದ ಶನಿವಾರ ಅವರು ಪುಸ್ತಕ ತೆರೆಯದೆ ಪಕ್ಕಕ್ಕೆ ಸರಿಸಿದರು. ಬೆರಳ ತುದಿಯ ಪ್ಲಾಸ್ಟರ್ ಯಾವತ್ತೋ ಹೋಗಿ, ಅಲ್ಲಿ ಚರ್ಮ ಗಟ್ಟಿಯಾಗಿತ್ತು.

“ಇನ್ನು ಹದಿನೆಂಟು ಉಳಿದಿದೆ” ಎಂದರು. “ಅದರಲ್ಲೂ ಇಲ್ಲ ಅಂದ್ರೆ ಗಿಟಾರನ್ನ ಯಾರಿಗಾದ್ರೂ ಕೊಟ್ಬಿಡ್ತೀನಿ. ನನ್ನ ಕೈಗೆ ಇದು ಹತ್ತೋದಲ್ಲ ಅನ್ಸುತ್ತೆ.”

ಅವಳಿಗೆ ಸಂಕಟವಾಯಿತು. ಸಂಗೀತದ ಗಂಧಗಾಳಿ ಅವಳಿಗಿರಲಿಲ್ಲ. ಆದರೆ ಕಷ್ಟಪಟ್ಟು ಓದಿ ಮೇಲೆ ಬಂದವಳು. ಲೆಕ್ಕ ತಪ್ಪಾದರೆ ಮೊದಲ ಸಾಲಿನಿಂದ ತಾಳೆ ನೋಡಬೇಕು ಎನ್ನುವುದು ಮಾತ್ರ ಗೊತ್ತಿತ್ತು. “ನೀವು ಬರ್ಕೊಂಡಿರೋದನ್ನ ಒಂದ್ಸಲ ಕೊಡಿ ಮಾಮ” ಎಂದು ಕೇಳಿ, ಅವರ ಕಾಗದಗಳನ್ನು ಪುಸ್ತಕದ ಪಕ್ಕದಲ್ಲಿಟ್ಟುಕೊಂಡು ಬೆರಳಿಟ್ಟು ಓದತೊಡಗಿದಳು.

ಅಂಕಿಗಳೆಲ್ಲ ಸರಿಯಿದ್ದವು. ಒಂದೂ ಬಿಟ್ಟಿರಲಿಲ್ಲ, ಒಂದೂ ಗೆರೆ ತಪ್ಪಿರಲಿಲ್ಲ. ಆದರೆ ಪುಸ್ತಕದಲ್ಲಿ ಒಂದು ಪುಟ ತುಂಬಿದ್ದ ರಿಫ್ ಮಾಮನ ಕಾಗದದಲ್ಲಿ ಅಂಗೈಯಗಲ ಆಗಿತ್ತು. ಅಂಕಿಗೆ ಅಂಕಿ ತಾಗಿಕೊಂಡಿತ್ತು, ಒಂದು ಪೆಟ್ಟಿಗೆಯಲ್ಲಿ ಲೋಟಗಳನ್ನು ಜೋಡಿಸಿದ ಹಾಗೆ.

“ಇಲ್ಲಿ ಮೂರು ಅಂಕಿ ಆದ ಮೇಲೆ ಇಷ್ಟು ಜಾಗ ಬಿಟ್ಟಿದ್ದಾರಲ್ಲ ಮಾಮ, ನೀವು ಬಿಟ್ಟಿಲ್ಲ.”

“ಅಲ್ಲೇನೂ ಬರೆದಿಲ್ವಲ್ಲ. ಸುಮ್ನೆ ಕಾಗದ ಯಾಕೆ ಹಾಳು ಮಾಡೋದು ಅಂತ ಒತ್ತಿ ಬರೆದೆ.”

ಶಾಲೆಯಲ್ಲಿ ಅವಳೂ ಹೀಗೇ ಬರೆಯುತ್ತಿದ್ದಳು. ಅಂಚಿನಿಂದ ಅಂಚಿಗೆ, ಒಂದು ಸಾಲೂ ಖಾಲಿ ಬಿಡದೆ, ಇದ್ದ ಎರಡು ನೋಟುಬುಕ್ಕು ವರ್ಷವಿಡೀ ಬರಬೇಕಿತ್ತಲ್ಲ. ‘ಅಂಚು ಬಿಟ್ಟು ಬರೆ’ ಎಂದು ಮೇಷ್ಟ್ರು ಕೆಂಪು ಶಾಯಿಯಲ್ಲಿ ಎಷ್ಟು ಸಲ ಬರೆದಿದ್ದರೋ. ಆ ಕೆಂಪು ಅಕ್ಷರಗಳಿಗೂ ಜಾಗ ಇರುತ್ತಿರಲಿಲ್ಲ.

ಅವಳು ಪುಸ್ತಕದ ಮೊದಲ ಪುಟಗಳಿಗೆ ಹೋದಳು. “ಮುನ್ನುಡಿ ಓದಿದ್ರಾ?”

“ಗಿಟಾರಿನ ಚಿತ್ರ ನೋಡ್ದೆ. ಯಾವ ಗೆರೆ ಯಾವ ತಂತಿ ಅಂತ ಅದರಲ್ಲೇ ಗೊತ್ತಾಯ್ತು. ಕೆಳಗಿನ ಸಣ್ಣ ಅಕ್ಷರ ಬರೆದವರ ಮನೆಯವರು ಓದ್ಕೊಳ್ಳಲಿ ಅಂತ ಬಿಟ್ಟೆ.”

ಅವಳು ಮುನ್ನುಡಿ ಬಿಡದೆ ಓದುವ ಜಾತಿ. ಸಣ್ಣ ಅಕ್ಷರದ ಎರಡನೆಯ ಪ್ಯಾರಾದಲ್ಲಿ ಅದು ಇತ್ತು. ಗಟ್ಟಿಯಾಗಿ ಓದಿದಳು: “ಈ ಪುಸ್ತಕದಲ್ಲಿ ಅಂಕಿಗಳ ನಡುವಿನ ಅಂತರವೇ ಕಾಲವನ್ನು ಸೂಚಿಸುತ್ತದೆ. ಅಂತರ ಹೆಚ್ಚಿದ್ದಲ್ಲಿ ಹೆಚ್ಚು ಹೊತ್ತು ಕಾಯಬೇಕು.”

ಮಾಮ ಇನ್ನೊಂದು ಸಲ ಓದಿಸಿದರು. ಆಮೇಲೆ ಪುಸ್ತಕವನ್ನು ತಮ್ಮ ಕಡೆಗೆ ಎಳೆದುಕೊಂಡು, ಎರಡು ಅಂಕಿಗಳ ನಡುವಿನ ಬಿಳಿ ಜಾಗದ ಮೇಲೆ ಹೆಬ್ಬೆರಳು ಇಟ್ಟು ನೋಡಿದರು.

“ಅಂದ್ರೆ ಈ ಖಾಲಿ ಜಾಗನೂ ಸಾಮಾನೇ” ಎಂದರು. “ನಾನು ಅದನ್ನ ಲಾರಿಗೇ ಹತ್ತಿಸಿಲ್ಲ.”

ಆಮೇಲೆ ಅವರಿಗೆ ಇನ್ನೊಂದು ವಿಷಯ ಹೊಳೆಯಿತು. “ಹಾಗಾದ್ರೆ ಅದು ಈ ಇಪ್ಪತ್ತೆರಡರಲ್ಲೇ ಎಲ್ಲೋ ಇದ್ದು, ನಾನೇ ನುಡಿಸಿ, ನನಗೇ ಗೊತ್ತಾಗದೆ ಮೂಲೆಗೆ ಹಾಕಿದ್ರೆ?”

“ಮೊದಲಿಂದ ಬರೀರಿ” ಎಂದಳು ಅವಳು. “ನಾನು ಗೆರೆ ಹಾಕಿ ಕೊಡ್ತೀನಿ.”

ಮೊದಲಿನಿಂದ ಬರೆದರು. ಈ ಸಲ ಅವಳು ಉದ್ದಕ್ಕೂ ಅಡ್ಡಕ್ಕೂ ಗೆರೆ ಹಾಕಿ ಸಮನಾದ ಮನೆಗಳನ್ನು ಮಾಡಿಕೊಟ್ಟಳು. ಅಂಕಿ ಇಲ್ಲದ ಮನೆಗಳನ್ನು ಮಾಮ ಖಾಲಿ ಬಿಟ್ಟರು. ಹಾಗೆ ಬಿಡುವಾಗ ಅವರ ಕೈ ಹಿಂಜರಿಯುವುದು ಎದುರಿಗೆ ಕೂತವರಿಗೂ ಕಾಣುತ್ತಿತ್ತು. ಮನೆಯಲ್ಲಿ ನುಡಿಸುವಾಗ ಕಾಲ ಹೆಬ್ಬೆರಳಿನಿಂದ ನೆಲ ತಟ್ಟಿ ಖಾಲಿ ಮನೆ ಎಣಿಸುವುದು ಅಭ್ಯಾಸವಾಯಿತು.

ಒಂದು ತಿಂಗಳು ಕಳೆದ ಮೇಲೆ ಅತ್ತೆಯಿಂದ ಕರೆ ಬಂತು. ಮಾಮ ಅದನ್ನು ಹಾಗೇ ಒಪ್ಪಿಸಿದರು: “‘ನಿಮ್ಮ ಕೈಗೆ ಆ ಪುಸ್ತಕ ಕೊಟ್ಟ ಪುಣ್ಯಾತ್ಗಿತ್ತಿ ಯಾರು ಅಂತ ನಾನೂ ಒಂದ್ಸಲ ನೋಡ್ಬೇಕು, ಕರ್ಕೊಂಡು ಬನ್ನಿ’ ಅಂದಿದ್ದಾಳೆ. ಭಾನುವಾರ ಬಾ.”

ಭಾನುವಾರ ಸಂಜೆ ನಾಲ್ಕಕ್ಕೆ ಅವಳು ಹೋದಳು. ಎರಡು ಕೋಣೆಯ ಮನೆ. ಮುಂದಿನ ಕೋಣೆಯ ಕಿಟಕಿ ಕೆಳಗೆ ಹೊಲಿಗೆ ಮಷಿನ್, ಅದರ ಹಿಂದೆ ಅತ್ತೆ. ಕುತ್ತಿಗೆಯಲ್ಲಿ ಅಳತೆ ಟೇಪು, ತುಟಿಯಲ್ಲಿ ಎರಡು ಗುಂಡುಸೂಜಿ. ಸೂಜಿ ತೆಗೆಯದೆಯೇ ಮಾತಾಡಿದರು.

“ನೀನೇನಾ? ನೋಡೋಕೆ ಸಾಧು ಹುಡುಗಿ. ನಿನ್ನಿಂದ ಆರು ತಿಂಗಳಿಂದ ನಮ್ಮನೇಲಿ ಒಂದು ದಿನ ನೆಮ್ಮದಿ ಇಲ್ಲ ನೋಡು.”

“ತಪ್ಪಾಯ್ತು ಅತ್ತೆ.”

“ತಪ್ಪೇನು ಬಂತು, ಕೂತ್ಕೋ. ಬೇರೆಯವರ ಗಂಡಂದಿರು ಇದಕ್ಕಿಂತ ಕೆಟ್ಟ ಸದ್ದು ಮಾಡ್ತಾರೆ. ಇವರು ಗಿಟಾರಲ್ಲಿ ಮಾಡ್ತಾರೆ, ಅಷ್ಟೇ. ರೀ, ಹುಡುಗಿ ಬಂದಿದ್ದಾಳೆ, ಶುರು ಮಾಡಿ, ಅವಳೂ ಅನುಭವಿಸ್ಲಿ.”

ಹೇಳಿ ಅವರು ಮತ್ತೆ ಮಷಿನ್ ತುಳಿಯತೊಡಗಿದರು. ದಿಂಬಿನ ಗವಸು ಹೊಲಿಯುತ್ತಿದ್ದರು. ಮಾಮ ಗಿಟಾರ್ ಎತ್ತಿಕೊಂಡು, ಕಾಗದವನ್ನು ಕುರ್ಚಿಗೆ ಒರಗಿಸಿದರು. ಅಂದು ಏಳನೆಯದರ ಸರದಿ. ಅವರ ಕಣ್ಣೆಲ್ಲ ಅಂಕಿಗಳ ಮೇಲೆ, ಗಮನವೆಲ್ಲ ಕಾಲ ಹೆಬ್ಬೆರಳಿನ ಎಣಿಕೆಯ ಮೇಲೆ. ದಪ್ಪ ತಂತಿಯಲ್ಲಿ ಮೂರು ಸ್ವರ ಮೀಟಿದರು. ಮೀಟಿ, ಖಾಲಿ ಮನೆಗಳನ್ನು ಎಣಿಸುತ್ತ ಕಾದರು.

ಆ ತಡೆಯಲ್ಲಿ ಮಷಿನ್ ನಿಂತಿತು.

ಗವಸಿನ ಹೊಲಿಗೆ ಅರ್ಧದಲ್ಲಿತ್ತು. ಅತ್ತೆಯ ಕಾಲು ಪೆಡಲ್ ಬಿಟ್ಟು ನೆಲದ ಮೇಲಿತ್ತು, ಕೈ ಪಕ್ಕದ ನೆಲದಲ್ಲಿ ಏನನ್ನೋ ತಡಕುತ್ತಿತ್ತು. ಮಾಮ ಎಣಿಕೆ ಮುಗಿಸಿ ಉಳಿದೆರಡು ಸ್ವರವನ್ನೂ ಮೀಟಿದರು. ಆಮೇಲೆಯೇ ಅವರಿಗೆ ಮಷಿನ್ ಸದ್ದು ಇಲ್ಲದ್ದು ಗೊತ್ತಾಗಿ ತಲೆ ಎತ್ತಿದರು.

“ಏನಾಯ್ತೇ? ದಾರ ಕಿತ್ತೋಯ್ತಾ?”

ಅತ್ತೆ ತುಟಿಯಿಂದ ಸೂಜಿ ತೆಗೆದು ಟೇಪಿಗೆ ಚುಚ್ಚಿಕೊಂಡರು. “ಡಬ್ಬಿ ಹುಡುಕ್ತಾ ಇದ್ದೆ” ಎಂದರು. “ಊಟದ ಹೊತ್ತಾಯ್ತು ಅಂತ.”

ಮಾಮ ಕಾಗದ ಕೈಗೆತ್ತಿಕೊಂಡು ಅದು ಎಷ್ಟನೆಯದೆಂದು ನೋಡಿದರು. ಅತ್ತೆ ಮುಂದುವರಿಸಿದರು.

“ಇದಕ್ಕೇನಾ ಆರು ತಿಂಗಳಿಂದ ಒದ್ದಾಡಿದ್ದು? ನನ್ನ ಕೇಳಿದ್ರೆ ನಾನೇ ಹಾಡಿ ತೋರಿಸ್ತಿದ್ದೆ.”

“ಕೇಳಿದ್ರೆ ನೀನು ಗುರುತು ಹಿಡಿದ ಹಾಗೆ ಆಗ್ತಿತ್ತಾ?”

“ಮಾತಿಗೇನೂ ಕಮ್ಮಿ ಇಲ್ಲ. ಇನ್ನೊಂದ್ಸಲ ನುಡಿಸಿ. ಆ ನಿಲ್ಲೋ ಕಡೆ ಸರಿಯಾಗಿ ನಿಲ್ಲಿ. ಅಲ್ಲೇ ನಲವತ್ತು ಮಷಿನ್ನೂ ಒಟ್ಟಿಗೆ ನಿಲ್ತಿದ್ದದ್ದು.”

ಅವರು ಇನ್ನೊಂದು ಸಲವಲ್ಲ, ಆರು ಸಲ ನುಡಿಸಿದರು. ಪುಸ್ತಕದಲ್ಲಿ ಏಳನೆಯದರ ಮೇಲೆ ಹಾಡಿನ ಹೆಸರು ಅಚ್ಚಾಗಿದ್ದದ್ದು ಅವಳಿಗೆ ನೆನಪಿತ್ತು. ಹೇಳಲೇ ಎಂದು ಕೇಳಿದಳು. ಮಾಮ ಬೇಡವೆಂದು ತಲೆಯಾಡಿಸಿದರು. “ಊಟದ ಹಾಡು ಅನ್ನೋದೇ ಸಾಕು ಬಿಡು. ಇನ್ನೊಂದು ಹೆಸರಿಟ್ಟು ಏನು ಮಾಡೋದು.”

ಇದೆಲ್ಲ ಆಗಿ ಹನ್ನೆರಡು ವರ್ಷವಾಯಿತು. ಸಹಾಯಕಿ ಈಗ ಅದೇ ಗ್ರಂಥಾಲಯದ ಗ್ರಂಥಪಾಲಕಿ. ಕೆಂಪು ರಟ್ಟಿನ ಪುಸ್ತಕವನ್ನು ಮನೆಗೆ ಕೊಡಬಹುದಾದ ಕಪಾಟಿಗೆ ಸೇರಿಸಿದ್ದಾಳೆ. ಪೇಪರ್ ಮಾಮನಿಗೆ ಅರವತ್ತೆರಡು. ನಲವತ್ತು ರಿಫ್‌ಗಳೂ ಬರುತ್ತವೆ. ಅವುಗಳಲ್ಲಿ ಹದಿನೈದನ್ನು ಅತ್ತೆ ಈಗಲೂ ಒಂದೇ ಎನ್ನುತ್ತಾರೆ. ಮಾಮ ವಾರಕ್ಕೆ ನಾಲ್ಕು ದಿನ ಗಾಜು, ಪಿಂಗಾಣಿ ಕಟ್ಟಲು ಹೋಗುತ್ತಾರೆ. ಮನೆಯಲ್ಲಿರುವ ದಿನ ಮಧ್ಯಾಹ್ನ ಒಂದು ಗಂಟೆಗೆ ಗಿಟಾರ್ ತೆಗೆದು ಊಟದ ಹಾಡು ನುಡಿಸುತ್ತಾರೆ, ಆಮೇಲೆ ಎದ್ದು ತಟ್ಟೆ ಹಾಕುತ್ತಾರೆ.